ಬರದಿಂದ ಎದ್ದ ಎರಡು ನಾಡುಗಳು: ಮೈಸೂರು ಮತ್ತು ಐರ್ಲೆಂಡ್

ಸ್ವಾತಂತ್ರ್ಯಾನಂತರ ಯುರೋಪಿನ ಸಣ್ಣ ರಾಷ್ಟ್ರಗಳು ಹೇಗೆ ಬೆಳೆದವು ಎಂಬ ಚರ್ಚೆ ಬಂದಾಗ ಐರ್ಲೆಂಡಿನ ಹೆಸರು ಮೊದಲಿಗೆ ಕೇಳಿಬರುತ್ತದೆ. 1922ರಲ್ಲಿ ಸ್ವಂತ ಸರಕಾರವನ್ನು ಪಡೆದ ಆ ನಾಡು ಬಡತನದಿಂದ ಸಮೃದ್ಧಿಯೆಡೆಗೆ ನಡೆದ ಕಥೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಆಸಕ್ತಿಯಿಂದ ಓದುತ್ತಾರೆ. ಅಷ್ಟೇ ವಿಸ್ತಾರದ ಇನ್ನೊಂದು ನಾಡು ಅದಕ್ಕಿಂತ ನಾಲ್ಕು ದಶಕಗಳ ಮುಂಚೆಯೇ ತನ್ನ ಆಡಳಿತವನ್ನು ಮರಳಿ ಪಡೆದು, ಅಂಥದ್ದೇ ದಾರಿಯಲ್ಲಿ ನಡೆದಿತ್ತು. ಅದು ಹಳೆಯ ಮೈಸೂರು ಸಂಸ್ಥಾನ. ಐರಿಶ್ ಗಣರಾಜ್ಯದ ವಿಸ್ತೀರ್ಣ ಸುಮಾರು 27,000 ಚದರ ಮೈಲಿ. ಮೈಸೂರಿನದು ಸುಮಾರು 29,500. ತುಮಕೂರು, ಗುಬ್ಬಿ, ಕುಣಿಗಲ್, ಬೆಳ್ಳಾವಿ ಹೋಬಳಿಯ ಹಳ್ಳಿಗಳು ಎಲ್ಲವೂ ಆ ಸಂಸ್ಥಾನಕ್ಕೆ ಸೇರಿದ್ದವು. ನಮ್ಮ ಮನೆಯ ಹಿರಿಯರು ಬದುಕಿದ್ದೂ ಅದರ ಆಳ್ವಿಕೆಯಲ್ಲಿಯೇ.

ಒಂದು ವ್ಯತ್ಯಾಸವನ್ನು ಮೊದಲೇ ಹೇಳಿಬಿಡಬೇಕು. ಬ್ರಿಟಿಷರ ಕಾಲದ ಮೈಸೂರು ಪೂರ್ಣ ಸ್ವತಂತ್ರ ರಾಷ್ಟ್ರವಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಪತನದೊಂದಿಗೆ ಟಿಪ್ಪು ಸುಲ್ತಾನರ ರಾಜ್ಯ ಕೊನೆಗೊಂಡಿತು. ಒಡೆಯರ ವಂಶಕ್ಕೆ ಸಿಂಹಾಸನ ದೊರೆಯಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೇ ತೆಗೆದುಕೊಂಡು ಐವತ್ತು ವರ್ಷ ಕಮಿಷನರುಗಳ ಮೂಲಕ ಆಳಿದರು. 1881ರ ಮಾರ್ಚ್ 25ರಂದು ರಾಜ್ಯವು ಚಾಮರಾಜ ಒಡೆಯರಿಗೆ ಮರಳಿತು. ಆದರೆ ಆ ಮರಳಿಕೆಗೆ ಬೆಲೆಯಿತ್ತು. ವರ್ಷಕ್ಕೆ 24.5 ಲಕ್ಷ ರೂಪಾಯಿ ಇದ್ದ ಕಪ್ಪವನ್ನು 35 ಲಕ್ಷಕ್ಕೆ ಏರಿಸಲಾಯಿತು; ಹೆಚ್ಚಳದ ವಸೂಲಿಯನ್ನು ಮಾತ್ರ ಕೆಲವು ವರ್ಷ ಮುಂದೂಡಲಾಯಿತು. ಐರ್ಲೆಂಡಿನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಅಲ್ಲಿನ ರೈತರು ತಮ್ಮದೇ ಭೂಮಿಯನ್ನು ಜಮೀನ್ದಾರರಿಂದ ಕೊಳ್ಳಲು ಪಡೆದ ಸಾಲದ ಕಂತುಗಳು ಸ್ವರಾಜ್ಯದ ನಂತರವೂ ವರ್ಷಕ್ಕೆ ಸುಮಾರು 30 ಲಕ್ಷ ಪೌಂಡಿನಂತೆ ಲಂಡನ್ನಿಗೆ ಹೋಗುತ್ತಿದ್ದವು. 1932ರಲ್ಲಿ ಡಿ ವಲೇರಾ ಅದನ್ನು ತಡೆಹಿಡಿದಾಗ ಆರು ವರ್ಷಗಳ ವಾಣಿಜ್ಯ ಕಲಹವೇ ನಡೆಯಿತು.

ಇನ್ನೊಂದು ಸಾಮ್ಯ ಇದಕ್ಕಿಂತ ದುಃಖಕರವಾದುದು. ಎರಡೂ ನಾಡುಗಳು ಭೀಕರ ಕ್ಷಾಮದ ನೆನಪನ್ನು ಹೊತ್ತೇ ಆಡಳಿತದ ಹೊಣೆ ವಹಿಸಿಕೊಂಡವು. 1845ರಿಂದ ಆರೇಳು ವರ್ಷ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಮಂದಿ ಹಡಗೇರಿ ಹೊರಟುಹೋದರು. ಆಗ ಉಸ್ಮಾನಿಯಾ ಸುಲ್ತಾನ ಅಬ್ದುಲ್ ಮಜೀದರು ಸಾವಿರ ಪೌಂಡ್ ಕಳುಹಿಸಿದ್ದನ್ನು, ಅದಕ್ಕೆ ಐರಿಶ್ ಗಣ್ಯರು ಸಹಿ ಮಾಡಿ ಕೃತಜ್ಞತಾ ಪತ್ರ ಬರೆದಿದ್ದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಕೊಲ್ಕತ್ತ ನಗರದಿಂದಲೂ ಚಂದಾ ಹಣ ಹೋಗಿತ್ತೆಂಬುದು ಅಷ್ಟು ಪ್ರಚಾರದಲ್ಲಿಲ್ಲ. ಮೂವತ್ತು ವರ್ಷಗಳ ತರುವಾಯ, 1876ರಿಂದ 1878ರವರೆಗೆ, ಅಂಥದೇ ಕ್ಷಾಮ ಮೈಸೂರಿಗೆ ಬಂತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಸಹಜವಾಗಿ ಹುಟ್ಟಿ ಬೆಳೆಯಬೇಕಿದ್ದವರನ್ನೂ ಲೆಕ್ಕಕ್ಕೆ ಹಿಡಿದರೆ ನಷ್ಟ ಇನ್ನೂ ಹೆಚ್ಚು. ಮಳೆಯನ್ನೂ ಕೆರೆಯನ್ನೂ ನಂಬಿದ್ದ ತುಮಕೂರಿನಂಥ ಬಯಲುಸೀಮೆಯ ಜಿಲ್ಲೆಗಳಿಗೆ ಕೆರೆ ಒಣಗಿದ ಮೇಲೆ ಬೇರೆ ಆಸರೆ ಇರಲಿಲ್ಲ.

ಬರ ಬರುವ ಮೊದಲೇ ಧಾನ್ಯ ಕೂಡಿಡುವ ವ್ಯವಸ್ಥೆಯನ್ನು ಪ್ರವಾದಿ ಯೂಸುಫ್ (ಅ) ಈಜಿಪ್ಟಿನಲ್ಲಿ ಮಾಡಿದ್ದರು. ಮೈಸೂರಿನ ಹೊಸ ಆಡಳಿತ ಅದೇ ಚಿಂತೆಯಿಂದ ಕೆಲಸ ಆರಂಭಿಸಿತೆನ್ನಬಹುದು, ಆದರೆ ಅದು ಹಿಡಿದ ಉಪಾಯ ಕಣಜವಲ್ಲ, ರೈಲು. ಒಂದು ಸೀಮೆಯಲ್ಲಿ ಬೆಳೆ ನಾಶವಾದರೆ ಇನ್ನೊಂದು ಸೀಮೆಯ ಧಾನ್ಯ ಕೆಲವೇ ದಿನಗಳಲ್ಲಿ ತಲಪಬೇಕು ಎಂಬುದು ದಿವಾನ್ ರಂಗಾಚಾರ್ಲು ಅವರ ಲೆಕ್ಕಾಚಾರ. ಕ್ಷಾಮಕ್ಕಾಗಿ ಮಾಡಿದ 80 ಲಕ್ಷ ರೂಪಾಯಿ ಸಾಲ ತಲೆಯ ಮೇಲಿದ್ದಾಗಲೇ ಹಳಿಗಳ ಕೆಲಸ ಮುಂದುವರಿಯಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು; 1889ರ ಹೊತ್ತಿಗೆ ಅದು ಹರಿಹರದವರೆಗೆ ಸಾಗಿತು. ಅದೇ ರಂಗಾಚಾರ್ಲು 1881ರ ದಸರಾ ಕಾಲದಲ್ಲಿ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅದಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಸದಸ್ಯರೂ ಭೂಮಾಲೀಕರು ಮತ್ತು ವರ್ತಕರೇ. ಆದರೂ ತಾಲ್ಲೂಕಿನ ಮನುಷ್ಯನೊಬ್ಬ ದಿವಾನರ ಎದುರು ನಿಂತು ಕೆರೆಯ ಕೋಡಿ ಒಡೆದಿದೆ ಎಂದು ಹೇಳುವ ಅವಕಾಶ ಅಲ್ಲಿಂದ ತೊಡಗಿತು. ಇದನ್ನು ಕೀಳಂದಾಜು ಮಾಡುವಂತಿಲ್ಲ.

ನಂತರ ಬಂದ ಶೇಷಾದ್ರಿ ಅಯ್ಯರ್ ಅವರ ಕಾಲದ ಮಹತ್ಕಾರ್ಯ ಶಿವನಸಮುದ್ರದ ವಿದ್ಯುತ್ ಯೋಜನೆ. 1902ರ ಜೂನಿನಲ್ಲಿ ಕಾವೇರಿಯ ಜಲಪಾತದಿಂದ ಹೊರಟ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ದಿನಗಳಲ್ಲಿ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಐರ್ಲೆಂಡ್ ಇದೇ ಸಾಹಸಕ್ಕೆ ಕೈಹಾಕಿದ್ದು 1925ರಲ್ಲಿ. ಅಂತರ್ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಆ ಪುಟ್ಟ ಸರಕಾರ ಶಾನನ್ ನದಿಗೆ ಕಟ್ಟೆ ಹಾಕಲು ಜರ್ಮನಿಯ ಸೀಮೆನ್ಸ್ ಸಂಸ್ಥೆಗೆ 50 ಲಕ್ಷ ಪೌಂಡಿಗೂ ಮಿಕ್ಕಿದ ಕೆಲಸವನ್ನು ವಹಿಸಿತು. 1929ರಲ್ಲಿ ವಿದ್ಯುತ್ತು ಹರಿಯಿತು. ತಮ್ಮ ಕೈಯಲ್ಲಿ ಇಂಥದ್ದು ಆಗುತ್ತದೆ ಎಂಬ ಭರವಸೆ ಆ ಜನರಿಗೆ ಬಂದದ್ದು ಅಂದು ಎಂದು ಇತಿಹಾಸಕಾರರು ಬರೆಯುತ್ತಾರೆ. ಆ ಭರವಸೆ ಮೈಸೂರಿಗೆ ಕಾಲು ಶತಮಾನ ಮೊದಲೇ ಬಂದಿತ್ತು. ಎರಡೂ ಕಡೆ ಹಳ್ಳಿಗಳು ಮಾತ್ರ ಬಹುಕಾಲ ಕತ್ತಲಲ್ಲೇ ಉಳಿದವು. ಮೈಸೂರಿನ ಮೊದಲ ವಿದ್ಯುತ್ತನ್ನು ಕೊಂಡದ್ದು ಇಂಗ್ಲಿಷ್ ಕಂಪನಿ ನಡೆಸುತ್ತಿದ್ದ ಗಣಿ. ಐರ್ಲೆಂಡಿನಲ್ಲಿ ಗ್ರಾಮ ವಿದ್ಯುದೀಕರಣ ಮೊದಲಾದದ್ದೇ 1946ರಲ್ಲಿ.

ಅಣೆಕಟ್ಟು ಮತ್ತು ಕಾರ್ಖಾನೆ ಕಟ್ಟುವುದು ಸುಲಭವಲ್ಲ, ಆದರೆ ಜನರನ್ನು ಕಟ್ಟುವುದಕ್ಕಿಂತ ಸುಲಭ. ಇದನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಬಲ್ಲವರಾಗಿದ್ದರು. 1912ರಲ್ಲಿ ಅವರು ದಿವಾನರಾದಾಗ ಸಂಸ್ಥಾನದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು, ಅದೇ ವರ್ಷ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಕಾನೂನು ಕೆಲವು ಆಯ್ದ ಸ್ಥಳಗಳಿಗೆ ಸೀಮಿತವಾಗಿ, ಹಣದ ಕೊರತೆಯಿಂದ ಕುಂಟುತ್ತ ನಡೆಯಿತು. ಅಣೆಕಟ್ಟಿಗೆ ಹಣ ಸಿಕ್ಕಿದಷ್ಟು ಸುಲಭವಾಗಿ ಹಳ್ಳಿಯ ಶಾಲೆಗೆ ಸಿಗಲಿಲ್ಲ.

ಇದೇ ಕಾಲದಲ್ಲಿ ನಮ್ಮ ಬೆಳ್ಳಾವಿಯ ಹೆಸರನ್ನು ಹೊತ್ತ ಒಬ್ಬರು ಸದ್ದಿಲ್ಲದೆ ದೊಡ್ಡ ಕೆಲಸ ಮಾಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತಂದರು. ಎರಡು ವರ್ಷಗಳಷ್ಟೇ ಬಾಳಿದ ಪತ್ರಿಕೆ ಅದು. ಐರ್ಲೆಂಡ್ ತನ್ನ ಭಾಷೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿತು. ಆದರೂ ಮನೆಯಲ್ಲಿ ಅದನ್ನಾಡುವವರು ವರ್ಷ ವರ್ಷಕ್ಕೂ ಕಡಿಮೆಯಾದರು, ಏಕೆಂದರೆ ಉದ್ಯೋಗ, ವ್ಯಾಪಾರ, ಹೊಸ ವಿದ್ಯೆ ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಭಾಷೆಗೆ ಗೌರವ ಕೊಟ್ಟರೆ ಸಾಲದು, ಅದರಲ್ಲಿ ಹೊಸ ವಿದ್ಯೆಯನ್ನು ಹೇಳುವವರೂ ಬೇಕು ಎಂಬುದನ್ನು ವೆಂಕಟನಾರಣಪ್ಪನವರು ಅರಿತಿದ್ದರು. ಮನೆಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ ಎಂದು ಎರಡು ಭಾಷೆಗಳ ನಡುವೆ ಬದುಕಿದ ಈ ಸೀಮೆಯ ಮುಸ್ಲಿಮ್ ಕುಟುಂಬಗಳಲ್ಲಿ ಕನ್ನಡ ಬಹುಕಾಲ ವ್ಯವಹಾರದ ಮಾತಾಗಿ ಉಳಿಯಿತೇ ಹೊರತು ಓದಿನ ಭಾಷೆಯಾಗಲು ತಡವಾಯಿತು. ಆ ತಡಕ್ಕೆ ನಾವು ತೆತ್ತ ಬೆಲೆ ಸಣ್ಣದಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಶ್ರೀರಂಗಪಟ್ಟಣದ ಪತನದೊಂದಿಗೆ ಮೈಸೂರಿನ ಮುಸ್ಲಿಮರು ಸೈನ್ಯ ಮತ್ತು ದರ್ಬಾರಿನ ಉದ್ಯೋಗಗಳನ್ನು ಕಳೆದುಕೊಂಡಿದ್ದರು. ಹೊಸ ಆಡಳಿತದ ಕಚೇರಿಗಳು ಇಂಗ್ಲಿಷ್ ಕಲಿತವರ ಪಾಲಾದವು. ಈ ಅಸಮತೋಲನ ಮುಸ್ಲಿಮರದು ಮಾತ್ರವಲ್ಲ, ಲಿಂಗಾಯತ, ಒಕ್ಕಲಿಗ ಮೊದಲಾದ ಬಹುಸಂಖ್ಯಾತ ರೈತ ಸಮುದಾಯಗಳದೂ ಆಗಿತ್ತು. ಎಲ್ಲರೂ ಸೇರಿ ಕೇಳಿದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಗುಲಾಮ್ ಅಹ್ಮದ್ ಕಲಾಮಿ ಅದರ ಸದಸ್ಯರಲ್ಲೊಬ್ಬರು. ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕು ಎಂದು ಅದು ಸಲಹೆ ಮಾಡಿತು. 1921ರಲ್ಲಿ ಸರಕಾರದ ಆದೇಶ ಹೊರಟಿತು. ವಿಶ್ವೇಶ್ವರಯ್ಯನವರಿಗೆ ಈ ಕ್ರಮ ಒಪ್ಪಿಗೆಯಾಗಿರಲಿಲ್ಲ. ಅವರು ದಿವಾನಗಿರಿಯನ್ನು ತೊರೆಯಲು ಇದೂ ಒಂದು ಕಾರಣ. ಯೋಗ್ಯತೆಯ ಬಗ್ಗೆ ಅವರಿಗಿದ್ದ ಆತಂಕ ಪ್ರಾಮಾಣಿಕವಾದುದೇ. ಆದರೆ ಬಾಗಿಲು ಮುಚ್ಚಿದ್ದ ಮನೆಯಲ್ಲಿ ಯಾರು ಯೋಗ್ಯರೆಂದು ತಿಳಿಯುವುದಾದರೂ ಹೇಗೆ?

1926ರಲ್ಲಿ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾದರು. ಕುದುರೆ ವ್ಯಾಪಾರಕ್ಕಾಗಿ ಪರ್ಷಿಯಾದಿಂದ ಬೆಂಗಳೂರಿಗೆ ಬಂದು ನೆಲೆಸಿದ ಅಲಿ ಅಸ್ಕರ್ ಶಿರಾಜಿಯವರ ಮೊಮ್ಮಗ ಅವರು. ಮಹಾರಾಜರ ಸಹಪಾಠಿಯಾಗಿ ಓದಿದವರು. ಹದಿನೈದು ವರ್ಷಗಳ ಅವರ ಆಡಳಿತದ ಪಟ್ಟಿ ದೀರ್ಘವಾದುದು. ಮಂಡ್ಯದ ಸಕ್ಕರೆ ಕಾರ್ಖಾನೆ, ಬೆಂಗಳೂರಿನ ಪಿಂಗಾಣಿ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಕೃಷ್ಣರಾಜಸಾಗರದ ಬೃಂದಾವನ, 1940ರಲ್ಲಿ ವಾಲ್‌ಚಂದ್ ಹೀರಾಚಂದರೊಡನೆ ಸೇರಿ ತೊಡಗಿದ ವಿಮಾನ ಕಾರ್ಖಾನೆ ಎಲ್ಲವೂ ಪ್ರಸಿದ್ಧವೇ. ಅವರ ಪ್ರಯತ್ನದಿಂದ ಬ್ರಿಟಿಷರಿಗೆ ಕೊಡುತ್ತಿದ್ದ ಕಪ್ಪದಲ್ಲಿ ವರ್ಷಕ್ಕೆ 10.5 ಲಕ್ಷ ರೂಪಾಯಿ ಇಳಿಯಿತು ಎಂಬುದು ಅಷ್ಟು ಪ್ರಸಿದ್ಧವಲ್ಲ. 1881ರಲ್ಲಿ ಹೇರಿದ ಹೆಚ್ಚಳ ಅಷ್ಟೇ ಮೊತ್ತದ್ದು. ಐರಿಶರು ಕಲಹ ಹೂಡಿ ಇಳಿಸಿಕೊಂಡ ಹೊರೆಯ ಒಂದು ಭಾಗವನ್ನು ಮೈಸೂರು ಮಾತುಕತೆಯಿಂದಲೇ ಇಳಿಸಿಕೊಂಡಿತು.

ಅವರ ದಾರಿ ಹೂವಿನದಾಗಿರಲಿಲ್ಲ. 1928ರಲ್ಲಿ ಬೆಂಗಳೂರಿನಲ್ಲಿ ಗಣಪತಿ ವಿಗ್ರಹದ ವಿವಾದದಿಂದ ಗಲಭೆಯಾದಾಗ ದಿವಾನರ ಧರ್ಮವನ್ನೇ ಮುಂದಿಟ್ಟು ಟೀಕಿಸಿದವರಿದ್ದರು. ವಿಚಾರಣಾ ಸಮಿತಿಗೆ ಅಧ್ಯಕ್ಷರಾದವರು ವಿಶ್ವೇಶ್ವರಯ್ಯನವರು. ಮಹಾರಾಜರು ದಿವಾನರ ಮೇಲಿನ ನಂಬಿಕೆಯನ್ನು ಸಡಿಲಿಸಲಿಲ್ಲ. ಮಿರ್ಜಾ ಅವರು ತಮ್ಮ ಸಮುದಾಯಕ್ಕಾಗಿ ಏನು ಮಾಡಿದರು ಎಂದು ಇಂದಿಗೂ ಕೆಲವರು ಕೇಳುವುದುಂಟು. ಆ ಪ್ರಶ್ನೆಯಲ್ಲೇ ಒಂದು ಸಂಕುಚಿತತೆಯಿದೆ. ದಿವಾನರು ಸಂಸ್ಥಾನಕ್ಕೆ ಸೇರಿದವರು. ಆದರೂ ಉತ್ತರ ಬೇಕೆಂದರೆ ರೇಷ್ಮೆಯನ್ನು ನೋಡಬಹುದು. ಟಿಪ್ಪು ಸುಲ್ತಾನರು ಬಂಗಾಳದಿಂದ ಹುಳು ತರಿಸಿ ಬೆಳೆಸಿದ ಈ ಕಸುಬಿನ ನೂಲು ಬಿಚ್ಚಾಣಿಕೆಯಲ್ಲಿ ಮುಸ್ಲಿಮ್ ಕುಟುಂಬಗಳ ಪಾಲು ದೊಡ್ಡದು. 1930ರ ದಶಕದಲ್ಲಿ ಅಗ್ಗದ ವಿದೇಶಿ ರೇಷ್ಮೆ ಬಂದು ಬೆಲೆ ಕುಸಿದಾಗ ಸರಕಾರ ಕಸುಬಿನ ಬೆನ್ನಿಗೆ ನಿಂತಿತು. ಚನ್ನಪಟ್ಟಣದಲ್ಲಿ ರೇಷ್ಮೆ ಗಿರಣಿ ಬಂತು. ನಮ್ಮ ಜಿಲ್ಲೆಯವರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಹೋಗಿ ನೋಡಲಿ. ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಆ ಜಲಾಶಯದಲ್ಲಿ ನೀರು ಮಟ್ಟ ಮೀರಿದಾಗ ಮನುಷ್ಯನ ಕೈ ಸೋಕದೆ ಹೊರಚೆಲ್ಲುವ ಸೈಫನ್ನುಗಳಿವೆ. ಆ ನೀರು ಗದ್ದೆಗೆ ಹರಿಯುವಾಗ ಗದ್ದೆಯವನ ಮತವನ್ನು ಕೇಳುವುದಿಲ್ಲ.

ಇಷ್ಟಾದರೂ ಲೆಕ್ಕದಲ್ಲಿ ಒಂದು ಬಾಕಿ ಉಳಿಯುತ್ತದೆ, ಅದನ್ನು ಐರ್ಲೆಂಡಿನ ಮುಂದಿನ ಕಥೆ ಸ್ಪಷ್ಟಪಡಿಸುತ್ತದೆ. 1930ರ ದಶಕದಿಂದ ಆ ದೇಶ ಹೊರಗಿನ ಸರಕಿಗೆ ಸುಂಕದ ಗೋಡೆ ಕಟ್ಟಿ ತನ್ನ ಕಾರ್ಖಾನೆಗಳನ್ನು ಸಾಕಿತು. ವಿದ್ಯುತ್ತಿತ್ತು, ಸ್ವಂತ ಧ್ವಜವಿತ್ತು. ಆದರೂ 1950ರ ದಶಕವೊಂದರಲ್ಲೇ ಸುಮಾರು ನಾಲ್ಕು ಲಕ್ಷ ಜನ ಕೆಲಸ ಹುಡುಕಿ ದೇಶ ಬಿಟ್ಟರು. ಒಟ್ಟು ಜನಸಂಖ್ಯೆಯೇ ಮೂವತ್ತು ಲಕ್ಷದ ಆಸುಪಾಸು. 1958ರಲ್ಲಿ ಹಣಕಾಸು ಇಲಾಖೆಯ ಕಾರ್ಯದರ್ಶಿ ವಿಟೇಕರ್ ಅವರು ದಾರಿ ಬದಲಿಸಬೇಕೆಂದು ವರದಿ ಬರೆದರು, ಮಾರುಕಟ್ಟೆ ತೆರೆಯಿತು. ಅದಕ್ಕಿಂತ ಮುಖ್ಯವಾದುದು ನಡೆದದ್ದು ಮತ್ತೆ ಎಂಟು ವರ್ಷಗಳ ಮೇಲೆ. ಅಲ್ಲಿಯವರೆಗೆ ಪ್ರೌಢಶಾಲೆಗೆ ಶುಲ್ಕವಿತ್ತು. ಬಡವರ ಮಕ್ಕಳಲ್ಲಿ ಹೆಚ್ಚಿನವರು ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಓದು ಬಿಡುತ್ತಿದ್ದರು. 1966ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಸಚಿವ ಡೊನೊ ಒಮ್ಯಾಲಿ ಹಣಕಾಸು ಇಲಾಖೆಯ ಒಪ್ಪಿಗೆಯನ್ನೂ ಕಾಯದೆ ಉಚಿತ ಪ್ರೌಢಶಿಕ್ಷಣವನ್ನು ಘೋಷಿಸಿಬಿಟ್ಟರು. 1967ರಲ್ಲಿ ಯೋಜನೆ ಜಾರಿಯಾಯಿತು. ದೂರದ ಹಳ್ಳಿಯ ಮಕ್ಕಳನ್ನು ಕರೆತರಲು ಸರಕಾರವೇ ಉಚಿತ ಬಸ್ಸುಗಳನ್ನು ಓಡಿಸಿತು. ಮುಂದೆ ವಿದೇಶಿ ಕಂಪನಿಗಳು ಐರ್ಲೆಂಡಿಗೆ ಬಂದಾಗ ಅವುಗಳಿಗೆ ಬೇಕಾದ ಕೈಗಳು ಆ ಬಸ್ಸುಗಳಲ್ಲಿ ಶಾಲೆಗೆ ಹೋದ ಮಕ್ಕಳವೇ ಆಗಿದ್ದವು.

ವಿದ್ಯುತ್ತಿನಲ್ಲಿ ಐರ್ಲೆಂಡಿಗಿಂತ ಇಪ್ಪತ್ತೇಳು ವರ್ಷ ಮುಂದಿದ್ದ ಮೈಸೂರಿನ ಶಾಸನ ಪುಸ್ತಕದಲ್ಲಿ ಕಡ್ಡಾಯ ಶಿಕ್ಷಣದ ಮಾತು 1913ರಿಂದಲೂ ಇತ್ತು. 1947ರಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರ ಅಧಿಕಾರಕ್ಕೆ ಬಂದಾಗ ಅದರ ಕೈಗೆ ದೊರೆತದ್ದು ಅಣೆಕಟ್ಟುಗಳು, ಉಕ್ಕು, ಸಾಬೂನು, ಸಕ್ಕರೆ, ರೇಷ್ಮೆ, ವಿಮಾನ ಎಲ್ಲವೂ ಇದ್ದ ಒಂದು ನಾಡು, ಮತ್ತು ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಅದರ ಬಹುಪಾಲು ಜನ.