ಡಬ್ಬಿಯ ಬಣ್ಣವನ್ನು ಬಾಟಲಿಗೆ ಇಳಿಸುವವರ ಕಥೆ

ಎರಡು ವರ್ಷದ ಹಿಂದಿನ ಗಣೇಶನ ಹಬ್ಬ. ನಮ್ಮ ಬೀದಿಯ ಹುಡುಗರು ಮೂರು ರಾತ್ರಿ ನಿದ್ದೆಗೆಟ್ಟು ಥರ್ಮಕೋಲಿನಲ್ಲಿ ಗೋಪುರ ಕೊರೆದಿದ್ದರು. ಹಬ್ಬದ ಹಿಂದಿನ ಸಂಜೆ ಚಿನ್ನದ ಬಣ್ಣದ ಸ್ಪ್ರೇ ಡಬ್ಬಿ ಬಂತು. ಚೆನ್ನಾಗಿ ಅಲ್ಲಾಡಿಸಿ ಕಲಶಕ್ಕೆ ಹೊಡೆದವನು ನಾನೇ. ನೋಡನೋಡುತ್ತಲೇ ಕಲಶ ಕುಗ್ಗಿತು, ಗೋಪುರದ ತುದಿಯೆಲ್ಲ ಗೆದ್ದಲು ತಿಂದ ಹಲಗೆಯಂತೆ ತೂತುತೂತಾಯಿತು. "ಅಣ್ಣಾ, ಏನ್ ಮಾಡ್ಬಿಟ್ರಿ!" ಎಂದು ಒಬ್ಬ ಹುಡುಗ ಅಳುವುದೊಂದು ಬಾಕಿ.

ಆ ರಾತ್ರಿ ಯಾಕೆ ಹೀಗಾಯಿತು ಎಂದು ಮೊಬೈಲಿನಲ್ಲಿ ಹುಡುಕುತ್ತಾ ಕೂತೆ. ಥರ್ಮಕೋಲ್ ಎಂದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ನೊರೆ. ಸ್ಪ್ರೇ ಬಣ್ಣದಲ್ಲಿರುವ ತಿನ್ನರಿನಂಥ ದ್ರಾವಕ ಅದನ್ನು ಕರಗಿಸುತ್ತದೆ. ಇಷ್ಟು ತಿಳಿದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಇದೇ ಪಾಲಿಸ್ಟೈರೀನ್ ನೊರೆಯಾಗದೆ ಗಟ್ಟಿಯಾಗಿದ್ದಾಗ, ಅದರಿಂದ ವಿಮಾನ, ಟ್ಯಾಂಕು, ಕಾರುಗಳ ಪುಟ್ಟ ಮಾದರಿ ಜೋಡಿಸುವವರು ಪ್ರಪಂಚದ ತುಂಬಾ ಇದ್ದಾರೆ. ಅವರೂ ಸ್ಪ್ರೇ ಡಬ್ಬಿ ಕೊಳ್ಳುತ್ತಾರೆ. ಆದರೆ ಅವರಲ್ಲಿ ಅನೇಕರು ನೇರವಾಗಿ ಹೊಡೆಯುವುದಿಲ್ಲ. ಡಬ್ಬಿಯ ಬಣ್ಣವನ್ನು ಗಾಜಿನ ಬಾಟಲಿಗೆ ಇಳಿಸಿ, ಒಂದು ರಾತ್ರಿ ಬಿಟ್ಟು, ಆಮೇಲೆ ಏರ್‌ಬ್ರಷ್ ಎಂಬ ಪೆನ್ನಿನಂಥ ಉಪಕರಣಕ್ಕೆ ತುಂಬಿ ಹೊಡೆಯುತ್ತಾರೆ.

ಒತ್ತಿದರೆ ಸಾಕು ಎಂದು ತಯಾರಿಸಿದ ಡಬ್ಬಿಯನ್ನು ಕಾಸು ಕೊಟ್ಟು ತಂದು, ಮತ್ತೆ ಅದನ್ನು ಇಳಿಸುವ ಕಷ್ಟ ಯಾಕೆ? ಉತ್ತರ ಸಿಗಬೇಕಾದರೆ ಸುಮಾರು 150 ವರ್ಷ ಹಿಂದಕ್ಕೆ ಹೋಗಬೇಕು.

ಬೆರಳ ತುದಿಯಲ್ಲಿ ಗಾಳಿ

ಬಣ್ಣವನ್ನು ಊದಿ ಹಚ್ಚುವುದು ಹೊಸದೇನಲ್ಲ. ಇಂಡೊನೇಷ್ಯಾದ ಸುಲವೆಸಿ ದ್ವೀಪದ ಗುಹೆಗಳಲ್ಲಿ ಸುಮಾರು 40 ಸಾವಿರ ವರ್ಷ ಹಳೆಯ ಕೈಗುರುತುಗಳಿವೆ. ಕಲ್ಲಿನ ಮೇಲೆ ಅಂಗೈ ಇಟ್ಟು, ಸುತ್ತ ಬಣ್ಣ ಚಿಮುಕಿಸಿ, ಕೈ ತೆಗೆದರೆ ಅಲ್ಲಿ ಕೈಯ ಆಕಾರ ಉಳಿಯುತ್ತದೆ.

ಈ ಕೆಲಸಕ್ಕೆ ಯಂತ್ರ ಹುಟ್ಟಿದ್ದು ಅಮೆರಿಕದಲ್ಲಿ, ಫೋಟೋಗಳ ಕಾರಣಕ್ಕೆ. ಆಗ ಎಲ್ಲ ಫೋಟೋಗಳೂ ಕಪ್ಪುಬಿಳುಪು. ಮಸುಕಾದ ಕಡೆ ತಿದ್ದಬೇಕು, ಕೆನ್ನೆಗೆ ತುಸು ಕೆಂಪು ಬೇಕು. ಕುಂಚದಲ್ಲಿ ಮಾಡಿದರೆ ಗೆರೆ ಕಾಣುತ್ತದೆ. 1876ರಲ್ಲಿ ಫ್ರಾನ್ಸಿಸ್ ಸ್ಟ್ಯಾನ್ಲಿ ಎಂಬಾತ ಫೋಟೋಗೆ ಬಣ್ಣ ಊದುವ ಸಾಧನಕ್ಕೆ ಪೇಟೆಂಟ್ ಪಡೆದ. ಮುಂದೆ ಹಬೆಯಿಂದ ಓಡುವ ಸ್ಟ್ಯಾನ್ಲಿ ಕಾರುಗಳನ್ನು ಮಾಡಿದ ಅವಳಿ ಸೋದರರಲ್ಲಿ ಈತ ಒಬ್ಬ. ಅದಾದ ಕೆಲವೇ ವರ್ಷಕ್ಕೆ ಅಯೋವಾ ರಾಜ್ಯದ ಆಬ್ನರ್ ಪೀಲರ್ ಎಂಬಾತ ಹೊಲಿಗೆ ಸೂಜಿಯಂಥ ಸಣ್ಣಪುಟ್ಟ ಸಾಮಾನು ಸೇರಿಸಿ ಇನ್ನೊಂದನ್ನು ಮಾಡಿದ. ಅದರ ಹಕ್ಕು ಕೊಂಡ ಲಿಬರ್ಟಿ ವಾಕಪ್ 1883ರಲ್ಲಿ ಕಂಪನಿ ಕಟ್ಟಿ ಮಾರಲು ಶುರುಮಾಡಿದ. 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಇದಕ್ಕೆ ಹೆಚ್ಚುಕಡಿಮೆ ಇಂದಿನ ರೂಪ ಕೊಟ್ಟ.

ಕೆಲಸ ಮಾಡುವ ರೀತಿ ಸರಳ. ಪುಟ್ಟ ನಾಝಲ್, ಅದರ ಬಾಯಿಗೆ ಅಡ್ಡಲಾಗಿ ಒಂದು ಚೂಪು ಸೂಜಿ. ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಗಾಳಿ ಬರುತ್ತದೆ. ಅದೇ ಗುಂಡಿಯನ್ನು ಹಿಂದಕ್ಕೆ ಎಳೆದರೆ ಸೂಜಿ ಸರಿದು ಬಣ್ಣ ಬರುತ್ತದೆ. ಎಷ್ಟು ಎಳೆದರೆ ಅಷ್ಟು. ಕೂದಲೆಳೆಯಷ್ಟು ಗೆರೆಯೂ ಸಾಧ್ಯ, ಅಂಗೈ ಅಗಲದ ಮಂಜೂ ಸಾಧ್ಯ. ಅಡಿಕೆಗೆ ಬೋರ್ಡೋ ಹೊಡೆಯುವವರಿಗೆ ನಾಝಲ್ ತಿರುಗಿಸಿದರೆ ತುಂತುರು ಹೇಗೆ ಬದಲಾಗುತ್ತದೆ ಎಂದು ಹೇಳಿಕೊಡಬೇಕಿಲ್ಲ. ಇದು ಅದರ ಮರಿ.

ಒಂದೇ ತೊಡಕು. ಗಾಳಿ ಕೊಡಲು ಪಂಪೋ ಕಂಪ್ರೆಸರೋ ಬೇಕು, ಕೆಲಸ ಮುಗಿದ ಮೇಲೆ ಬಿಚ್ಚಿ ತೊಳೆಯಬೇಕು, ಕೈ ಪಳಗಬೇಕು.

ಎಳ್ಳೆಣ್ಣೆ ತುಂಬಿದ ಬಾಂಬು

ಗಾಳಿಯನ್ನೂ ಒಳಗೇ ತುಂಬಿಬಿಟ್ಟರೆ? 1920ರ ದಶಕದಲ್ಲಿ ನಾರ್ವೆಯ ಎಂಜಿನಿಯರ್ ಎರಿಕ್ ರೋಥೈಮ್ ಮಾಡಿದ್ದು ಇದನ್ನೇ. ನಮ್ಮ ಅಡುಗೆ ಸಿಲಿಂಡರ್ ನೆನಪಿಸಿಕೊಳ್ಳಿ. ಒಳಗೆ ಗ್ಯಾಸು ಒತ್ತಡಕ್ಕೆ ನೀರಿನಂತಾಗಿ ಕೂತಿರುತ್ತದೆ, ಬಾಯಿ ತೆರೆದೊಡನೆ ಆವಿಯಾಗಿ ನುಗ್ಗುತ್ತದೆ. ಅದರ ಜೊತೆ ಬೇರೆ ದ್ರವವನ್ನೂ ಸೇರಿಸಿಟ್ಟರೆ, ನುಗ್ಗುವ ಗ್ಯಾಸು ಅದನ್ನೂ ತುಂತುರು ಮಾಡಿ ಹೊರಗೆ ತರುತ್ತದೆ. ರೋಥೈಮ್‌ಗೆ ಪೇಟೆಂಟ್ ಸಿಕ್ಕಿತು, ಮಾರುಕಟ್ಟೆ ಸಿಗಲಿಲ್ಲ.

ಮಾರುಕಟ್ಟೆ ಕೊಟ್ಟದ್ದು ಸೊಳ್ಳೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರನ್ನು ಮಲೇರಿಯಾ ಹಾಸಿಗೆಗೆ ಕೆಡವುತ್ತಿತ್ತು. ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳಾದ ಲೈಲ್ ಗುಡ್‌ಹ್ಯೂ ಮತ್ತು ವಿಲಿಯಂ ಸಲ್ಲಿವನ್ ಕೈಯಲ್ಲಿ ಹಿಡಿಯುವಂಥ ಉಕ್ಕಿನ ಡಬ್ಬಿ ತಯಾರಿಸಿದರು. 1941ರಲ್ಲಿ ಅರ್ಜಿ ಹಾಕಿ 1943ರಲ್ಲಿ ಪೇಟೆಂಟ್ ಪಡೆದರು. ಒಳಗಿದ್ದದ್ದು ಮುಖ್ಯವಾಗಿ ಮೂರು. ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಪೈರೆಥ್ರಮ್ ಎಂಬ ಕೀಟನಾಶಕ, ಅದರ ಶಕ್ತಿ ಹೆಚ್ಚಿಸುವ ಎಳ್ಳೆಣ್ಣೆ, ಇವೆರಡನ್ನೂ ಹೊರಗೆ ತಳ್ಳುವ ಫ್ರಿಯಾನ್ ಎಂಬ ಗ್ಯಾಸು. ಸೈನಿಕರು ಅದನ್ನು ಹುಳದ ಬಾಂಬು ಎಂದೇ ಕರೆದರು.

ನಮ್ಮ ಹಿರಿಯರಿಗೆ ಮನೆಮನೆಗೆ ಬಂದು ಗೋಡೆಗೆ ಡಿಡಿಟಿ ಹೊಡೆಯುತ್ತಿದ್ದವರ ನೆನಪಿರಬಹುದು. ಭಾರತದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಶತ್ರು ಒಂದೇ, ಆದರೆ ಇಲ್ಲಿ ಬಂದದ್ದು ಕೈಪಂಪು. ಡಬ್ಬಿ ನಮ್ಮ ಅಂಗಡಿಗಳಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ.

ಯುದ್ಧ ಮುಗಿದ ಮೇಲೆ ಹಗುರ ತಗಡಿನ ಡಬ್ಬಿ ಬಂತು. 1949ರಲ್ಲಿ ರಾಬರ್ಟ್ ಅಬ್‌ಪ್ಲನಾಲ್ಪ್ ಅದಕ್ಕೆ ಅಗ್ಗದ, ಸೋರದ ವಾಲ್ವ್ ಮಾಡಿದ. ಅದೇ ವರ್ಷ ಇಲಿನಾಯ್ ರಾಜ್ಯದಲ್ಲಿ ಬಣ್ಣದ ಉದ್ಯಮಿ ಎಡ್ವರ್ಡ್ ಸೀಮೋರ್ ತನ್ನ ಅಲ್ಯೂಮಿನಿಯಂ ಬಣ್ಣವನ್ನು ಜನರಿಗೆ ತೋರಿಸಲು ಸುಲಭದ ದಾರಿ ಹುಡುಕುತ್ತಿದ್ದ. ಡಬ್ಬಿಯಲ್ಲಿ ತುಂಬಿ ನೋಡಿ ಎಂದು ಸೂಚಿಸಿದವರು ಆತನ ಹೆಂಡತಿ ಬಾನಿ. ಸ್ಪ್ರೇ ಪೇಂಟ್ ಹುಟ್ಟಿದ್ದು ಹೀಗೆ.

ಪಂಪು ಬೇಡ, ತೊಳೆಯುವುದು ಬೇಡ, ಕಲಿಯುವುದೂ ಬೇಡ. ಬಣ್ಣ ಊದುವ ಕೆಲಸ ಎಲ್ಲರ ಕೈಗೂ ಬಂತು. ಆದರೆ ಡಬ್ಬಿಯ ಗುಂಡಿಗೆ ಎರಡೇ ಗೊತ್ತು, ತೆರೆ ಅಥವಾ ಮುಚ್ಚು. ಗಾಳಿ ಎಷ್ಟು, ಬಣ್ಣ ಎಷ್ಟು ಎಂಬ ತೀರ್ಮಾನ ಬೆರಳಿನಿಂದ ಕಾರ್ಖಾನೆಗೆ ಹೋಯಿತು.

ಫರ್ಗುಸನ್ ಟ್ರ್ಯಾಕ್ಟರಿನ ಮರಿ

1949ಕ್ಕೆ ಇನ್ನೊಂದು ಮಹತ್ವವಿದೆ. ಆ ವರ್ಷ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ ಫರ್ಗುಸನ್ ಟ್ರ್ಯಾಕ್ಟರಿನ ಪುಟ್ಟ ಪ್ಲಾಸ್ಟಿಕ್ ಮಾದರಿ ಮಾಡಿಕೊಟ್ಟಿತು. ಟ್ರ್ಯಾಕ್ಟರ್ ಮಾರುವವರು ರೈತರಿಗೆ ತೋರಿಸಲು ಅದು ಬೇಕಿತ್ತು. ಮುಂದೆ ಅದನ್ನೇ ಬಿಡಿಭಾಗಗಳ ಕಿಟ್ ಮಾಡಿ ಮಾರಿದರು. ನಮ್ಮ ಹೊಲಗಳಲ್ಲಿ ಇಂದಿಗೂ ಓಡುವ ಮ್ಯಾಸ್ಸಿ ಫರ್ಗುಸನ್ ಹೆಸರಿನ ಅರ್ಧ ಬಂದದ್ದು ಆ ಫರ್ಗುಸನ್‌ನಿಂದಲೇ. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟ್ಯಾಫೆ ಕಂಪನಿ ಆ ಹೆಸರಿನ ಟ್ರ್ಯಾಕ್ಟರುಗಳನ್ನು ಇಲ್ಲಿ ತಯಾರಿಸಿತು.

1952ರಲ್ಲಿ ಏರ್‌ಫಿಕ್ಸ್ 'ಗೋಲ್ಡನ್ ಹೈಂಡ್' ಎಂಬ ಹಡಗಿನ ಕಿಟ್ಟನ್ನು ಎರಡು ಶಿಲ್ಲಿಂಗಿಗೆ ಮಾರಿತು. ಹುಡುಗರ ಕೈಗೆ ಎಟಕುವ ಬೆಲೆ. ಜಪಾನಿನ ಶಿಜುವೊಕಾದಲ್ಲಿ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದ ತಮಿಯಾ ಕಂಪನಿ ಮೊದಲು ಮರದ ಮಾದರಿ ಮಾಡಿ, 1960ರಲ್ಲಿ 'ಯಮಾಟೊ' ಯುದ್ಧನೌಕೆಯೊಂದಿಗೆ ಪ್ಲಾಸ್ಟಿಕ್ಕಿಗೆ ಬಂತು. ಆಟಿಕೆಯಂತಿದ್ದದ್ದು ಕ್ರಮೇಣ ಕಸುಬಿನಷ್ಟು ನಾಜೂಕಾಯಿತು.

ನಾಜೂಕಾದಂತೆ ಬಣ್ಣದ ದಪ್ಪ ಕಣ್ಣಿಗೆ ಹೊಡೆಯತೊಡಗಿತು. ಲೆಕ್ಕ ನೋಡಿ. ವಿಮಾನಗಳಿಗೆ ಬಹಳ ಬಳಕೆಯಲ್ಲಿರುವ ಅಳತೆ 1:72. ಆರಡಿ ಆಳು ಒಂದಿಂಚಾಗುತ್ತಾನೆ. ಆ ಮಾದರಿಯ ಮೇಲೆ ಬಣ್ಣ 0.1 ಮಿಲಿಮೀಟರ್ ದಪ್ಪ ಕೂತರೂ, ನಿಜವಾದ ವಿಮಾನಕ್ಕೆ 7 ಮಿಲಿಮೀಟರಿಗಿಂತ ದಪ್ಪಗೆ ಬಳಿದ ಹಾಗೆ. ರಿವೆಟ್ಟು, ತಗಡಿನ ಸಂದು ಎಲ್ಲ ಮುಚ್ಚಿಹೋಗುತ್ತದೆ. ಡಬ್ಬಿಯಿಂದ ಒಮ್ಮೆಗೇ ಜಾಸ್ತಿ ಬಣ್ಣ ಬಿದ್ದರೆ ದ್ರಾವಕ ಬೇಗ ಆರದೆ ಪ್ಲಾಸ್ಟಿಕ್ಕನ್ನೂ ಕಚ್ಚಬಹುದು. ನನ್ನ ಕಲಶಕ್ಕೆ ಆದದ್ದೂ ಇದೇ, ಇನ್ನೂ ಜೋರಾಗಿ.

ಹಾಗಾದರೆ ಡಬ್ಬಿ ಬಿಟ್ಟು ಬಾಟಲಿ ಬಣ್ಣವನ್ನೇ ಕೊಳ್ಳಬಹುದಲ್ಲ? ಕೊಳ್ಳುತ್ತಾರೆ. ಆದರೆ ತಮಿಯಾದಂಥವರು ಪ್ಲಾಸ್ಟಿಕ್ಕಿಗೆಂದೇ ಮಾಡಿದ 100 ಮಿಲಿಲೀಟರಿನ ಡಬ್ಬಿಗಳಲ್ಲಿ ಕೆಲವು ವಿಮಾನದ ಬಣ್ಣಗಳು, ಲೋಹದ ಹೊಳಪಿನ ಬಣ್ಣಗಳು ಬಹಳ ಕಾಲ ಡಬ್ಬಿಯಲ್ಲಿ ಮಾತ್ರ ಸಿಗುತ್ತಿದ್ದವು. ಬಣ್ಣ ಬೇಕು, ಡಬ್ಬಿಯ ಗುಂಡಿ ಬೇಡ. ಹಾಗಾಗಿ ಬಣ್ಣವನ್ನು ಡಬ್ಬಿಯಿಂದ ಬಿಡಿಸಿ ಹಳೆಯ ಏರ್‌ಬ್ರಷ್ಷಿಗೆ ಒಪ್ಪಿಸುವ ದಾರಿ ಕಂಡುಕೊಂಡರು.

ತಂಪು ಗ್ಯಾಸು ಹೋಗಿ ಉರಿಯುವ ಗ್ಯಾಸು

ಇಳಿಸುವ ವಿಧಾನ ಹೇಳುವ ಮುಂಚೆ ಒಳಗಿನ ಗ್ಯಾಸಿನ ಕಥೆ ಗೊತ್ತಿರಬೇಕು. ಪ್ರಾಣದ ಪ್ರಶ್ನೆ ಇರುವುದು ಅಲ್ಲೇ.

ಹುಳದ ಬಾಂಬಿನ ಫ್ರಿಯಾನ್ ಬೆಂಕಿ ಹಿಡಿಯುತ್ತಿರಲಿಲ್ಲ. ಎಲ್ಲರೂ ನಿಶ್ಚಿಂತೆಯಿಂದ ಬಳಸಿದರು. 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಎಂಬ ವಿಜ್ಞಾನಿಗಳು ಈ ಜಾತಿಯ ಗ್ಯಾಸುಗಳು ಮೇಲೇರಿ ಓಝೋನ್ ಪದರವನ್ನು ಹಾಳುಮಾಡುತ್ತವೆ ಎಂದು ತೋರಿಸಿದರು. ಆ ಪದರ ಸೂರ್ಯನ ಅಪಾಯದ ಕಿರಣಗಳಿಗೆ ನಮಗಿರುವ ಕೊಡೆ. 1978ರಲ್ಲಿ ಅಮೆರಿಕ ಹೆಚ್ಚಿನ ಸ್ಪ್ರೇ ಡಬ್ಬಿಗಳಲ್ಲಿ ಅವನ್ನು ನಿಷೇಧಿಸಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ ಆಯಿತು. ಭಾರತ 1992ರಲ್ಲಿ ಸೇರಿತು. ಆ ವಿಜ್ಞಾನಿಗಳಿಗೆ, ಪಾಲ್ ಕ್ರುಟ್ಸನ್ ಜೊತೆಗೆ, 1995ರಲ್ಲಿ ನೊಬೆಲ್ ಬಂತು.

ಫ್ರಿಯಾನ್ ಜಾಗಕ್ಕೆ ಬಂದವು ಪ್ರೊಪೇನ್, ಬ್ಯೂಟೇನ್, ಡೈಮೀಥೈಲ್ ಈಥರ್. ಮೊದಲೆರಡು ನಮ್ಮ ಅಡುಗೆ ಸಿಲಿಂಡರಿನೊಳಗೆ ಇರುವಂಥವೇ. ಆಕಾಶಕ್ಕೆ ಒಳ್ಳೆಯದಾಯಿತು, ಆದರೆ ಡಬ್ಬಿ ಈಗ ಒಂದು ಪುಟ್ಟ ಗ್ಯಾಸ್ ಸಿಲಿಂಡರ್. ಇದು ಮಾದರಿ ಮಾಡುವವರಿಗಷ್ಟೇ ಅಲ್ಲ, ಬೈಕಿಗೆ ಟಚಪ್ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಮಾತು.

ಇಳಿಸುವುದು ಹೇಗೆ?

ಮೊದಲು ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೆಲ ನಿಮಿಷ ಇಟ್ಟು, ಒಳಗಿನ ಗೋಲಿಯ ಸದ್ದು ಕೇಳುವಂತೆ ಚೆನ್ನಾಗಿ ಅಲ್ಲಾಡಿಸುತ್ತಾರೆ. ಕುದಿವ ನೀರು, ಒಲೆಯ ಶಾಖ ತಾಗಿಸಲೇಬಾರದು. 50 ಡಿಗ್ರಿಗಿಂತ ಹೆಚ್ಚು ಬಿಸಿ ಬೇಡ ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ನಾಝಲಿಗೆ ಸ್ಟ್ರಾ ಸಿಕ್ಕಿಸಿ, ಬಯಲಿನಲ್ಲಿ, ಗಾಜಿನ ಬಾಟಲಿಯ ಒಳಗೋಡೆಗೆ ಸ್ವಲ್ಪ ಸ್ವಲ್ಪವೇ ಹೊಡೆಯುತ್ತಾರೆ. ಪ್ಲಾಸ್ಟಿಕ್ ಲೋಟವಾದರೆ ಕರಗೀತು. ಗ್ಯಾಸು ಆವಿಯಾಗುತ್ತಾ ಶಾಖ ಎಳೆದುಕೊಳ್ಳುವುದರಿಂದ ಬಾಟಲಿ ತಣ್ಣಗಾಗಿ ಹೊರಗೆ ನೀರಹನಿ ಮೂಡುತ್ತದೆ.

ಬಾಟಲಿಯಲ್ಲಿ ಬಣ್ಣ ಸೋಡಾದಂತೆ ಗುಳ್ಳೆ ಏಳುತ್ತಿರುತ್ತದೆ. ಅದು ಬಣ್ಣದೊಳಗೆ ಕರಗಿದ ಗ್ಯಾಸು. ಮುಚ್ಚಳ ಬಿಗಿ ಮಾಡಿದರೆ ಬಾಟಲಿ ಸಿಡಿಯಬಹುದು. ಸುಮ್ಮನೆ ಸಡಿಲವಾಗಿ ಮುಚ್ಚಿ ರಾತ್ರಿಯಿಡೀ ಹೊರಗಡೆ ಬಿಡುತ್ತಾರೆ. ಬೆಳಿಗ್ಗೆ ಕಡ್ಡಿಯಿಂದ ನಿಧಾನ ಕಲಕಿದಾಗ ಗುಳ್ಳೆ ಬಾರದಿದ್ದರೆ ಬಣ್ಣ ಸಿದ್ಧ. ಆತುರಪಟ್ಟು ಏರ್‌ಬ್ರಷ್ಷಿಗೆ ಹಾಕಿದರೆ ಬಟ್ಟಲಿನಲ್ಲೇ ಉಕ್ಕಿ ಕೆಲಸ ಕೆಡುತ್ತದೆ. ಆಮೇಲೆ ಬೇಕಿದ್ದರೆ ಒಂದಿಷ್ಟು ಲ್ಯಾಕರ್ ತಿನ್ನರ್ ಸೇರಿಸಿ, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ, ತೆಳ್ಳಗೆ, ಒಂದು ಪದರ ಆರಿದ ಮೇಲೆ ಇನ್ನೊಂದು ಹೊಡೆಯುತ್ತಾರೆ.

ಮೂರು ಎಚ್ಚರಿಕೆ. ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಬೇಡಿ. ಈ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ. ಹತ್ತಿರ ಒಲೆ, ದೀಪ, ಊದುಬತ್ತಿ, ಬೀಡಿ ಯಾವುದೂ ಇರಬಾರದು. ಮೂರನೆಯದು ಉಸಿರು. ಔಷಧಿ ಹೊಡೆಯುವಾಗ ನಾವು ಮುಖಕ್ಕೆ ಟವೆಲ್ ಸುತ್ತಿಕೊಂಡು ಸಮಾಧಾನಪಡುತ್ತೇವೆ. ಬಟ್ಟೆ ಹನಿಯನ್ನು ತಡೆದೀತು, ದ್ರಾವಕದ ಆವಿಯನ್ನು ತಡೆಯದು. ಅದಕ್ಕೆ ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು. ಗಟ್ಟಿಕಾರಕ ಸೇರಿದ '2ಕೆ' ಡಬ್ಬಿಗಳ ಬಣ್ಣವಂತೂ ಇನ್ನೂ ಅಪಾಯ. ಮನೆಯಲ್ಲಿ ಅದರ ಸಹವಾಸವೇ ಬೇಡ.

ಗೋಪುರ ಏನಾಯಿತು?

ಹೀಗೆ ಇಳಿಸಿ ಹೊಡೆದಿದ್ದರೆ ನಮ್ಮ ಕಲಶ ಉಳಿಯುತ್ತಿತ್ತೇ? ಇಲ್ಲ. ಬಾಟಲಿಗೆ ಇಳಿಸಿದರೂ ಬಣ್ಣದೊಳಗಿನ ದ್ರಾವಕ ಅದೇ. ಗಟ್ಟಿ ಪ್ಲಾಸ್ಟಿಕ್ ತೆಳು ಪದರವನ್ನು ತಡೆದುಕೊಳ್ಳುತ್ತದೆ, ಥರ್ಮಕೋಲಿನ ನೊರೆ ತಡೆಯದು. ಅದಕ್ಕೆ ನೀರಿನಲ್ಲಿ ಕರಗುವ ಬಣ್ಣವೇ ಸರಿ.

ಡಬ್ಬಿ ಹುಟ್ಟಿದ್ದು ನಮ್ಮ ಕೆಲಸ ಹಗುರ ಮಾಡಲು, ಹಗುರ ಮಾಡಿದ್ದೂ ನಿಜ. ಒಳಗೆ ಏನಿದೆ ಎಂದು ಯಾರೂ ಕೇಳದೆ ಇದ್ದ ಕಾಲದಲ್ಲಿ ಅದು ಆಕಾಶದ ಪದರವನ್ನೇ ತೆಳ್ಳಗೆ ಮಾಡುತ್ತಿತ್ತು. ಬಾಟಲಿಗೆ ಇಳಿಸುವ ಈ ಜನರಿಂದ ನಾನು ಕಲಿತದ್ದು, ಒತ್ತುವ ಮುಂಚೆ ಒಳಗೇನಿದೆ ಎಂದು ಒಂದು ಸಲ ಓದಬೇಕು ಎಂಬುದನ್ನು.

ಕಳೆದ ವರ್ಷ ಹುಡುಗರು ಮತ್ತೆ ಗೋಪುರ ಕಟ್ಟಿದರು. ರಟ್ಟಿನಲ್ಲಿ. ಬಣ್ಣ ಕುಂಚದಲ್ಲೇ ಹಚ್ಚಿದರು. ನನಗೆ ಸೀರಿಯಲ್ ಲೈಟ್ ಕಟ್ಟುವ ಕೆಲಸ ಕೊಟ್ಟರು.