ಎದೆಯೊಳಗಿನ ಕತ್ತಲೆ: ಬಗ್ದಾದಿನಿಂದ ಕಲಬುರಗಿಯವರೆಗೆ

(ಕಲ್ಲೋಳಿಯ ಜುಮಾ ಖುತ್ಬಾದ ಸಾರಾಂಶ)





ನಮ್ಮ ಕಡೆ ಜನ ಮಸೀದಿಗೆ ಬಂದು ಮೈಯ ಬೇನೆಯನ್ನು ಹೇಳಿಕೊಳ್ಳುತ್ತಾರೆ, ಸಾಲದ ಚಿಂತೆಯನ್ನೂ ಹೇಳಿಕೊಳ್ಳುತ್ತಾರೆ. ಮನಸ್ಸಿನ ಬೇನೆಯನ್ನು ಮಾತ್ರ ಹೇಳುವುದಿಲ್ಲ. ಹೇಳಿದರೂ ಎಲ್ಲರೂ ಎದ್ದು ಹೋದ ಮೇಲೆ, ಚಪ್ಪಲಿ ಹುಡುಕುತ್ತ ನಿಂತಂತೆ ಮಾಡಿ ಮೆಲ್ಲಗೆ ಹೇಳುತ್ತಾರೆ: “ಹಜರತ್, ನಮಾಜ್ ಮಾಡ್ತೀನ್ರಿ, ರೋಜಾ ಹಿಡೀತೀನ್ರಿ. ಆದ್ರ ಎದಿಯಾಗ ಬರೀ ಕತ್ತಲಿ ಐತ್ರಿ. ನನ್ನ ಈಮಾನ್ ಹೋತೇನ್ರಿ?” 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ, ಮೂಡಲಗಿ ಭಾಗದ ಊರುಗಳಿಗೆ ನೀರು ನುಗ್ಗಿದ ಮೇಲೆ ಈ ಪ್ರಶ್ನೆ ಹೆಚ್ಚು ಕಿವಿಗೆ ಬಿತ್ತು. ಆಮೇಲೆ ಕೊರೊನಾ ಬಂತು. ಗೋಡೆ ಕಟ್ಟಿ ಬಣ್ಣ ಹಚ್ಚಿದವರಲ್ಲೂ ಒಳಗಿನ ಕುಸಿತ ಹಾಗೇ ಉಳಿದವರಿದ್ದಾರೆ.

ಈ ಪ್ರಶ್ನೆಗೆ ಫತ್ವಾ ಹೇಳುವುದಕ್ಕಿಂತ ಚರಿತ್ರೆ ಹೇಳುವುದು ಮೇಲು ಎಂದು ನಮಗೆ ಅನಿಸಿತು. ಈಮಾನ್ ಇದ್ದವರ ಎದೆಯಲ್ಲಿ ಕತ್ತಲೆ ಕವಿಯುವುದೇ ಇಲ್ಲ ಎನ್ನುವ ಮಾತು ನಮ್ಮ ಚರಿತ್ರೆಗೆ ಹೊಂದುವುದಿಲ್ಲ. ಹಜರತ್ ಯೂನುಸ್ (ಅ) ಮೀನಿನ ಹೊಟ್ಟೆಯಲ್ಲಿದ್ದಾಗ ಕತ್ತಲೆಗಳಲ್ಲಿದ್ದರು ಎಂದು ಕುರ್‌ಆನ್ ಬಹುವಚನದಲ್ಲಿ ಹೇಳುತ್ತದೆ. ರಾತ್ರಿಯ ಕತ್ತಲೆ, ಸಮುದ್ರದ ಕತ್ತಲೆ, ಮೀನಿನ ಹೊಟ್ಟೆಯ ಕತ್ತಲೆ ಎಂದು ತಫ್ಸೀರಿನ ವಿದ್ವಾಂಸರು ಅದನ್ನು ಬಿಡಿಸಿದ್ದಾರೆ. ಅಲ್ಲಿಂದ ಅವರು ಮಾಡಿದ ದುಆ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಆದರೆ ಅದರಲ್ಲಿ ಏನಿಲ್ಲ ಎಂಬುದನ್ನು ಗಮನಿಸಿದ್ದೀರಾ? ‘ನನ್ನನ್ನು ಹೊರಗೆ ತೆಗೆ’ ಎಂಬ ಬೇಡಿಕೆ ಇಲ್ಲ. ಅಲ್ಲಾಹನೊಬ್ಬನೇ ಎಂಬ ಸಾಕ್ಷಿ, ಅವನು ಪರಿಶುದ್ಧ ಎಂಬ ಮಾತು, ತಪ್ಪು ನನ್ನದೇ ಎಂಬ ಒಪ್ಪಿಗೆ, ಇಷ್ಟೇ ಇದೆ. ಕತ್ತಲೆಯಲ್ಲಿ ಕೂತು ಅವರು ಮೊದಲು ನೋಡಿದ್ದು ತಮ್ಮನ್ನೇ.

ಪ್ರವಾದಿ ಮುಹಮ್ಮದ್ (ಸ) ಅವರಿಗೆ ವಹೀ ಕೆಲ ಕಾಲ ನಿಂತು ಹೋದದ್ದು, ಆಗ ಅವರು ಪಟ್ಟ ಸಂಕಟ, ಬಳಿಕ ‘ದುಹಾ’ ಸೂರಾ ಇಳಿದದ್ದು ನಿಮಗೆ ಗೊತ್ತಿರುವುದೇ. ಹಜರತ್ ಖದೀಜಾ ಮತ್ತು ಅಬೂ ತಾಲಿಬ್ ತೀರಿಕೊಂಡ ವರ್ಷವನ್ನು ‘ದುಃಖದ ವರ್ಷ’ ಎಂದೇ ಸೀರತ್ ಗ್ರಂಥಗಳು ಕರೆಯುತ್ತವೆ. ಪ್ರವಾದಿಯವರ ಬದುಕಿನ ಒಂದಿಡೀ ವರ್ಷಕ್ಕೆ ದುಃಖದ ಹೆಸರಿಡಲು ನಮ್ಮ ಹಿರಿಯರು ಹಿಂಜರಿಯಲಿಲ್ಲ.

ಇನ್ನು ಇಮಾಮ್ ಗಝಾಲಿ (ರಹ್) ಅವರ ಕಡೆ ಬರೋಣ. ಅವರು ಹುಟ್ಟಿದ್ದು 1058ರಲ್ಲಿ, ಖುರಾಸಾನಿನ ತೂಸ್ ಪಟ್ಟಣದಲ್ಲಿ. 1091ರಲ್ಲಿ, ಇನ್ನೂ ಮೂವತ್ತಮೂರರ ಪ್ರಾಯದಲ್ಲಿ, ಬಗ್ದಾದಿನ ನಿಝಾಮಿಯಾ ಮದರಸಾದ ಮುಖ್ಯ ಉಸ್ತಾದರಾದರು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಗಾದಿ ಇರಲಿಲ್ಲ. ಮುನ್ನೂರು ವಿದ್ಯಾರ್ಥಿಗಳು ಅವರ ಪಾಠಕ್ಕೆ ಕೂಡುತ್ತಿದ್ದರು. ಖಲೀಫರ ದರ್ಬಾರಿನಲ್ಲಿ ಮಾನ, ವಾದದಲ್ಲಿ ಎದುರಿಲ್ಲ. ಅಂಥವರಿಗೆ ನಾಲ್ಕು ವರ್ಷದಲ್ಲಿ, 1095ರಲ್ಲಿ, ಒಂದು ದಿನ ಪಾಠ ಮಾಡಲು ಕೂತಾಗ ನಾಲಿಗೆ ಏಳಲಿಲ್ಲ. ಎದುರು ಕೂತವರ ಸಲುವಾಗಿಯಾದರೂ ನಾಲ್ಕು ಮಾತು ಆಡೋಣವೆಂದು ಪ್ರಯತ್ನಪಟ್ಟರು, ಒಂದು ಶಬ್ದವೂ ಬರಲಿಲ್ಲ. ಕ್ರಮೇಣ ಊಟ ಬಿಟ್ಟಿತು. ಒಂದು ಗುಟುಕು ನೀರೂ ಗಂಟಲಲ್ಲಿ ಇಳಿಯದಾಯಿತು. ಹಕೀಮರು ಬಂದು ನೋಡಿ, ರೋಗ ಹೃದಯದಲ್ಲಿ ಹುಟ್ಟಿ ಮೈಗೆ ಇಳಿದಿದೆ, ಒಳಗಿನ ಚಿಂತೆ ಹೋಗದ ಹೊರತು ಔಷಧ ನಾಟದು ಎಂದು ಕೈಬಿಟ್ಟರು.

ಇದನ್ನೆಲ್ಲ ಯಾರೋ ವೈರಿಗಳು ಬರೆದಿಟ್ಟದ್ದಲ್ಲ. ಗಝಾಲಿಯವರೇ ಕಡೆಗಾಲದಲ್ಲಿ ‘ಅಲ್ ಮುನ್ಕಿದ್ ಮಿನದ್ದಲಾಲ್’ ಎಂಬ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಇಸ್ಲಾಮಿಗೆ ಆಧಾರದಂತಿದ್ದವರು ಎಂಬ ಅರ್ಥದಲ್ಲಿ ‘ಹುಜ್ಜತುಲ್ ಇಸ್ಲಾಂ’ ಎಂಬ ಬಿರುದು ಪಡೆದ ಮನುಷ್ಯ, ತನ್ನ ನಾಲಿಗೆ ಕಟ್ಟಿದ್ದನ್ನು, ತನಗೆ ಅನ್ನ ಇಳಿಯದಿದ್ದುದನ್ನು, ಅದಕ್ಕೂ ಹಿಂದೆ ಸುಮಾರು ಎರಡು ತಿಂಗಳು ಯಾವುದರ ಮೇಲೂ ನಂಬಿಕೆ ನಿಲ್ಲದಷ್ಟು ಸಂಶಯ ತನ್ನನ್ನು ತಿಂದದ್ದನ್ನು ಮರೆಮಾಚದೆ ಬರೆದರು. ಆ ಸಂಶಯದಿಂದ ತನ್ನನ್ನು ಬಿಡಿಸಿದ್ದು ತರ್ಕವಲ್ಲ, ಅಲ್ಲಾಹನು ಎದೆಯೊಳಗೆ ಹಾಕಿದ ಒಂದು ಬೆಳಕು ಎಂದೂ ಅಲ್ಲೇ ಹೇಳಿದ್ದಾರೆ. ನಮ್ಮ ಕಾಲದ ಎಷ್ಟು ಮಂದಿ ಉಲಮಾಗಳು ಇಷ್ಟು ಬಿಚ್ಚಿ ಬರೆದಾರು ಎಂದು ಯೋಚಿಸಿದರೆ ಅವರ ಧೈರ್ಯ ತಿಳಿಯುತ್ತದೆ.

ಆದರೆ 1095ರ ಕತ್ತಲೆ ಸಂಶಯದ್ದಾಗಿರಲಿಲ್ಲ. ಅಷ್ಟರಲ್ಲಿ ಅವರ ನಂಬಿಕೆ ಗಟ್ಟಿಯಾಗಿತ್ತು. ತಾನು ಯಾರಿಗಾಗಿ ಪಾಠ ಮಾಡುತ್ತಿದ್ದೇನೆ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಅಲ್ಲಾಹನಿಗಾಗಿ ಅಲ್ಲ, ಹೆಸರಿಗಾಗಿ, ಗಾದಿಗಾಗಿ ಎಂಬ ಉತ್ತರ ಬಂತು. ಮಿಂಬರ್ ಹತ್ತುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು, ಕೇಳಿಕೊಳ್ಳಲು ಹೆದರುವ ಪ್ರಶ್ನೆಯೂ ಹೌದು. ಸುಮಾರು ಆರು ತಿಂಗಳು ಅವರು ತೂಗುಯ್ಯಾಲೆಯಲ್ಲಿದ್ದರು. ಬೆಳಿಗ್ಗೆ ಎಲ್ಲ ಬಿಟ್ಟು ಹೊರಡಬೇಕೆನಿಸುತ್ತಿತ್ತು, ಸಂಜೆಗೆ ಮನಸ್ಸು ಹಿಂದೆ ಸರಿಯುತ್ತಿತ್ತು. ಕೊನೆಗೆ ಹಜ್ಜಿಗೆ ಹೋಗುತ್ತೇನೆಂದು ಜನರಿಗೆ ಹೇಳಿ, ಮಕ್ಕಳ ಪಾಲನೆಗೆ ಬೇಕಾದಷ್ಟು ಇಟ್ಟು, ಉಳಿದದ್ದನ್ನು ಹಂಚಿ ಬಗ್ದಾದ್ ಬಿಟ್ಟರು. ದಮಾಸ್ಕಸಿನ ದೊಡ್ಡ ಮಸೀದಿಯ ಮಿನಾರ ಹತ್ತಿ ಬಾಗಿಲು ಹಾಕಿಕೊಂಡು ದಿನವಿಡೀ ಕೂರುತ್ತಿದ್ದರು. ಆಮೇಲೆ ಬೈತುಲ್ ಮುಕದ್ದಸ್, ಆಮೇಲೆ ಹಜ್. ‘ಇಹ್ಯಾ ಉಲೂಮಿದ್ದೀನ್’ ಎಂಬ ಅವರ ಮಹಾಗ್ರಂಥ ಈ ತಿರುಗಾಟದ, ಏಕಾಂತದ ವರ್ಷಗಳ ಫಲ. ಬಗ್ದಾದ್ ಬಿಟ್ಟು ಹತ್ತು ವರ್ಷ ದಾಟಿದ ಮೇಲೆ, 1106ರಲ್ಲಿ, ನೀಶಾಪುರದಲ್ಲಿ ಮತ್ತೆ ಪಾಠಕ್ಕೆ ಕೂತರು. 1111ರಲ್ಲಿ ತೂಸಿನಲ್ಲೇ ತೀರಿಕೊಂಡರು.

‘ಗಝಾಲಿಯವರು ದೊಡ್ಡವರು, ಎಲ್ಲ ಬಿಟ್ಟು ಹೋದರು. ಹೆಂಡತಿ ಮಕ್ಕಳು, ಕಬ್ಬಿನ ಹೊಲ, ಸೊಸೈಟಿ ಸಾಲ ಇರುವ ನಾವು ಎಲ್ಲಿಗೆ ಹೋಗೋಣ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಕರ್ನಾಟಕದಲ್ಲೇ, ಕಲಬುರಗಿಯಲ್ಲೇ ಇದೆ. ಹಜರತ್ ಖಾಜಾ ಬಂದೇನವಾಜ್ ಗೇಸೂದರಾಜ್ (ರಹ್) ಅವರ ಉರುಸಿಗೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಅವರ ಪವಾಡಗಳನ್ನು ಕೇಳಿದಷ್ಟು ಅವರ ಬದುಕನ್ನು ನಾವು ಕೇಳಿಲ್ಲ.

ಮೊದಲು ಅವರ ಮುರ್ಶಿದರ ಮಾತು. ಅವರು ಶೇಖ್ ನಸೀರುದ್ದೀನ್, ‘ಚಿರಾಗ್ ದೆಹಲಿ’, ಅಂದರೆ ದಿಲ್ಲಿಯ ದೀಪ. ಅವರಿಗೂ ತರುಣರಾಗಿದ್ದಾಗ ಊರು ಬಿಟ್ಟು ಕಾಡಿನಲ್ಲೋ ಬೆಟ್ಟದಲ್ಲೋ ಇಬಾದತ್ ಮಾಡಬೇಕೆಂಬ ಆಸೆ. ಅಮೀರ್ ಖುಸ್ರೋ ಅವರ ಮೂಲಕ ತಮ್ಮ ಗುರು ಹಜರತ್ ನಿಝಾಮುದ್ದೀನ್ ಔಲಿಯಾ ಅವರಲ್ಲಿ ಅನುಮತಿ ಕೇಳಿಸಿದರು. ಸಿಗಲಿಲ್ಲ. ಜನರ ನಡುವೆಯೇ ಇರು, ಅವರು ಕೊಡುವ ಕಷ್ಟ ಸಹಿಸು ಎಂದು ಅಪ್ಪಣೆಯಾಯಿತು. ಮುಂದೆ ಮುದಿಪ್ರಾಯದಲ್ಲಿ, ಒಬ್ಬರೇ ಕೋಣೆಯಲ್ಲಿ ಇಬಾದತ್‌ನಲ್ಲಿದ್ದಾಗ ಒಬ್ಬ ಕಲಂದರ್ ಒಳಗೆ ನುಗ್ಗಿ ಚೂರಿಯಿಂದ ಇರಿದ. ಹತ್ತಕ್ಕೂ ಹೆಚ್ಚು ಗಾಯ. ಬಚ್ಚಲ ಮೋರಿಯಲ್ಲಿ ರಕ್ತ ಹರಿದದ್ದನ್ನು ಕಂಡು ಶಿಷ್ಯರು ಓಡಿಬಂದರು. ಇರಿದವನ ಮೈಮೇಲೆ ಕೈ ಮಾಡಬಾರದೆಂದು ಶೇಖರು ಅವರಿಂದ ಮಾತು ತೆಗೆದುಕೊಂಡು, ಅವನ ಕೈಗೆ ಹಣ ಕೊಟ್ಟು ಕಳಿಸಿದರು. ಗುರುಗಳ ‘ಸಹಿಸು’ ಎಂಬ ಮಾತಿಗೆ ಅವರು ಕೊಟ್ಟ ಬೆಲೆ ಅದು.

ಬಂದೇನವಾಜರು ಹುಟ್ಟಿದ್ದು 1321ರಲ್ಲಿ, ದಿಲ್ಲಿಯಲ್ಲಿ. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಎಳೆದಾಗ ಮಗುವಾಗಿದ್ದ ಅವರೂ ತಂದೆತಾಯಿಯ ಜೊತೆ ದಖನಿಗೆ ಬಂದರು. ಹತ್ತನೆಯ ವಯಸ್ಸಿಗೆ ತಂದೆ ತೀರಿಕೊಂಡರು, ಖುಲ್ದಾಬಾದಿನಲ್ಲಿ ದಫನ್ ಆಯಿತು. ಕೆಲ ವರ್ಷಗಳ ಬಳಿಕ ತಾಯಿ ಮಕ್ಕಳನ್ನು ಕರೆದುಕೊಂಡು ದಿಲ್ಲಿಗೆ ಮರಳಿದರು. 1336ರಲ್ಲಿ, ಹದಿನೈದರ ಪ್ರಾಯದಲ್ಲಿ, ಅವರು ಚಿರಾಗ್ ದೆಹಲಿಯವರ ಮುರೀದರಾದರು. ಓದು ಬಿಟ್ಟು ಬರೀ ಧ್ಯಾನದಲ್ಲಿ ಮುಳುಗುತ್ತೇನೆಂದರು. ಗುರುಗಳು ಒಪ್ಪಲಿಲ್ಲ, ಮೊದಲು ಕಿತಾಬುಗಳನ್ನು ಮುಗಿಸು ಎಂದರು. ಇಲ್ಲಿಯೂ ನೋಡಿ, ಕೈಯಲ್ಲಿರುವ ಕೆಲಸ ಬಿಟ್ಟು ಓಡುವ ದಾರಿಯನ್ನು ಗುರು ಮುಚ್ಚುತ್ತಾರೆ.

ಹೀಗೆ ಇಪ್ಪತ್ತು ವರ್ಷ ಸೇವೆ ಮಾಡಿದ ಮೇಲೆ 1356ರಲ್ಲಿ ಗುರುಗಳು ತೀರಿಕೊಂಡರು. ಚಿಶ್ತಿ ಪರಂಪರೆಯಲ್ಲಿ ಗುರುವಿನ ಖಿರ್ಕಾ, ಅಂದರೆ ನಿಲುವಂಗಿ, ಶಿಷ್ಯನಿಗೆ ಬರಬೇಕು. ಬಾಬಾ ಫರೀದರಿಂದ ನಿಝಾಮುದ್ದೀನರಿಗೆ, ಅವರಿಂದ ನಸೀರುದ್ದೀನರಿಗೆ ಆ ಅನುಗ್ರಹ ಇಳಿದು ಬಂದಿತ್ತು. ಆದರೆ ಚಿರಾಗ್ ದೆಹಲಿಯವರು ಯಾರಿಗೂ ಕೊಡಲಿಲ್ಲ. ತಮ್ಮ ಗುರುಗಳ ಖಿರ್ಕಾ, ಕೋಲು, ತಸ್ಬೀಹ್, ಮರದ ಬಟ್ಟಲು, ಪಾದುಕೆ ಎಲ್ಲವನ್ನೂ ತಮ್ಮ ಜೊತೆಯೇ ಗೋರಿಯಲ್ಲಿ ಇಡಲು ಹೇಳಿದರು. ಹಾಗೇ ಇಟ್ಟರು.

ಬಾಂಧವರೇ, ಈ ಜಾಗದಲ್ಲಿ ಸ್ವಲ್ಪ ನಿಂತು ನೋಡಿ. ಮೂವತ್ತೈದು ವರ್ಷದ ಒಬ್ಬ ಮನುಷ್ಯ. ತಂದೆ ಬಾಲ್ಯದಲ್ಲೇ ಹೋಗಿದ್ದಾರೆ, ತಂದೆಯ ಜಾಗದಲ್ಲಿದ್ದ ಗುರುವೂ ಈಗ ಹೋದರು. ಯಾವುದನ್ನು ಬೆಳಕು ಎಂದು ಇಪ್ಪತ್ತು ವರ್ಷ ಹಿಂಬಾಲಿಸಿದರೋ ಅದು ಕಣ್ಣೆದುರೇ ಮಣ್ಣಿಗೆ ಇಳಿಯುತ್ತಿದೆ. ಕೈಯಲ್ಲಿ ಏನೂ ಇಲ್ಲ. ‘ನಾನು ಯೋಗ್ಯನಲ್ಲವೇ?’ ಎಂಬ ಪ್ರಶ್ನೆ ಎಂಥವರ ಎದೆಯನ್ನೂ ಕೊರೆಯುವ ಗಳಿಗೆ. ಆಗ ಅವರು ಮಾಡಿದ್ದನ್ನು ಚರಿತ್ರಕಾರರು ದಾಖಲಿಸಿದ್ದಾರೆ. ಗುರುಗಳ ಮಯ್ಯತ್‌ಗೆ ಗುಸ್ಲ್ ಕೊಟ್ಟವರು ಅವರೇ. ಗುಸ್ಲ್ ಮುಗಿದ ಮೇಲೆ, ಗುರುವನ್ನು ಮಲಗಿಸಿದ್ದ ಮಂಚದ ಹಗ್ಗವನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡು, ತನಗೆ ಇದೇ ಖಿರ್ಕಾ ಎಂದರು.

ಹೊರಸಿನ ಹಗ್ಗ. ನಮ್ಮ ಹಳೆ ಮನೆಗಳಲ್ಲಿ ಇರುತ್ತಿತ್ತಲ್ಲ, ಅಂಥದ್ದೇ. ಅದರಲ್ಲಿ ಬರಕತ್ ಇದೆಯೆಂದು ಯಾರೂ ಸಂದಲ್ ಹಚ್ಚಿರಲಿಲ್ಲ. ಹಣೆಬರಹ ಹಳಿಯದೆ, ಕೊಟ್ಟಿಲ್ಲವೆಂದು ಎದ್ದು ಹೋಗದೆ, ದುಃಖದ ನಡುವೆ ಕೈಗೆ ಸಿಕ್ಕ ಅತಿ ಸಾದಾ ವಸ್ತುವಿನಲ್ಲೇ ಅವರು ತಮ್ಮ ಪಾಲನ್ನು ಕಂಡರು. ಅದೂ ಗುರುವಿನ ಸಾವಿಗೆ ತಾಗಿದ ವಸ್ತು. ಮರೆಯಲು ಅದನ್ನು ದೂರ ಇಡಲಿಲ್ಲ, ಕೊರಳಿಗೇ ಹಾಕಿಕೊಂಡರು. ಅವರ ಇಡೀ ಚರಿತ್ರೆಯಲ್ಲಿ ನಮಗೆ ಇದಕ್ಕಿಂತ ದೊಡ್ಡ ಕರಾಮತ್ ಕಾಣುವುದಿಲ್ಲ. ಹೀಗೆಂದರೆ ಕೆಲವು ಹಿರಿಯರಿಗೆ ಬೇಸರವಾದೀತು, ಆದರೂ ಹೇಳುತ್ತೇವೆ.

ಆಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ದಿಲ್ಲಿಯಲ್ಲೇ ಪಾಠ ಹೇಳುತ್ತ ಇದ್ದರು. 1398ರ ಡಿಸೆಂಬರ್‌ನಲ್ಲಿ ತೈಮೂರನ ದಂಡು ಬಂತು. ಆ ಸುಲಿಗೆ, ಆ ಕೊಲೆ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಎಪ್ಪತ್ತೇಳರ ಪ್ರಾಯದ ಹಜರತರು ಮನೆಮಂದಿಯನ್ನು ಕಟ್ಟಿಕೊಂಡು ದಿಲ್ಲಿ ಬಿಟ್ಟರು. ಗ್ವಾಲಿಯರ್, ಗುಜರಾತಿನ ವಡೋದರಾ, ಖಂಭಾತ್, ಅಲ್ಲಿಂದ ತಂದೆಯ ಗೋರಿ ಇರುವ ಖುಲ್ದಾಬಾದ್, ಹೀಗೆ ಸಾಗಿ ಕಲಬುರಗಿಗೆ ಬಂದರು. ಊರು ಕಳೆದುಕೊಂಡ ಆ ದಿನಗಳಲ್ಲೂ ಅವರ ಮಜ್ಲಿಸ್ ನಿಲ್ಲಲಿಲ್ಲ. ಕೂತಲ್ಲಿ, ಇಳಿದಲ್ಲಿ ಜನರೊಡನೆ ಆಡಿದ ಮಾತುಗಳನ್ನು ಅವರ ಹಿರಿಯ ಮಗ ಸೈಯದ್ ಅಕ್ಬರ್ ಹುಸೈನಿಯವರು ‘ಜವಾಮಿಉಲ್ ಕಲಿಂ’ ಎಂಬ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆ ಮಗನೂ ತಂದೆಯ ಕಣ್ಣೆದುರೇ ತೀರಿಕೊಂಡರು. ಮೊದಲು ಆದರದಿಂದ ಬರಮಾಡಿಕೊಂಡ ಸುಲ್ತಾನ್ ಫಿರೋಜ್ ಷಾ ಬಹಮನಿ, ಮುಂದೆ ಮನಸ್ತಾಪ ಬೆಳೆದು, ಕೋಟೆಯ ಹತ್ತಿರದ ಖಾನ್ಕಾಹ್ ಬಿಟ್ಟು ಬೇರೆಡೆ ಹೋಗಲು ಹೇಳಿಸಿದ. ಹಜರತರು ಹೋದರು, ಅಲ್ಲಿಯೂ ಪಾಠ ಹೇಳಿದರು. 1422ರ ನವೆಂಬರ್‌ನಲ್ಲಿ, ನೂರೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಗಝಾಲಿಯವರು ಗಾದಿ ಬಿಟ್ಟು ನಡೆದರು, ಬಂದೇನವಾಜರು ಪಾಠ ಬಿಡದೆ ನಡೆದರು. ದಾರಿ ಬೇರೆ. ಆದರೆ ಕತ್ತಲೆ ಇಲ್ಲವೆಂದು ಇಬ್ಬರೂ ನಟಿಸಲಿಲ್ಲ. ನಮ್ಮ ಓಣಿಗಳಲ್ಲಿ ನಡೆಯುವುದು ನಟನೆಯೇ. ಬಾಣಂತಿ ಹೆಣ್ಣುಮಗಳು ಕೂಸಿನ ಕಡೆ ನೋಡದೆ ಗೋಡೆ ನೋಡುತ್ತ ಕೂತರೆ “ಹವಾ ತಾಗೈತಿ” ಎಂದು ತಾಯಿತ ಕಟ್ಟಿ ಸುಮ್ಮನಾಗುತ್ತೇವೆ. ಹರೆಯದ ಹುಡುಗ ಊಟ ಬಿಟ್ಟು ಮಲಗಿದರೆ “ನಮಾಜ್ ಬಿಟ್ಟದ್ದಕ್ಕ ಹಿಂಗ” ಎಂದು ಬೈಯುತ್ತೇವೆ. ಸಾಲ ಮಾಡಿದ ರೈತ ಒಂದು ರಾತ್ರಿ ಏನಾದರೂ ಮಾಡಿಕೊಂಡರೆ, ಆತ್ಮಹತ್ಯೆ ಹರಾಮ್ ಎಂಬ ಮಾತು ಆಗ ನೆನಪಾಗುತ್ತದೆ. ಹರಾಮ್ ಎಂಬುದು ಸತ್ಯ. ಅವನು ಬದುಕಿದ್ದಾಗ ಅವನ ಪಕ್ಕದಲ್ಲಿ ಎಷ್ಟು ಮಂದಿ ಕೂತಿದ್ದೆವು ಎಂಬುದೂ ಲೆಕ್ಕಕ್ಕೆ ಬರುವ ಮಾತೇ.

ಗಝಾಲಿಯವರನ್ನು ಹಕೀಮರು ಬಂದು ನೋಡಿದರು, ಅದರಿಂದ ಅವರ ತವಕ್ಕುಲ್ ಕಡಿಮೆಯಾಗಲಿಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿ, ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ, ಮುಪ್ಪೊಂದನ್ನು ಬಿಟ್ಟು, ಎಂಬ ಅರ್ಥದ ಪ್ರವಾದಿವಚನವನ್ನು ಎಲ್ಲರೂ ಕೇಳಿದ್ದೇವೆ. ಅದರಲ್ಲಿ ಮನಸ್ಸಿನ ರೋಗವನ್ನು ಹೊರಗಿಟ್ಟಿಲ್ಲ. ನಿದ್ದೆ, ಊಟ ಬಿಟ್ಟು ವಾರಗಟ್ಟಲೆ ಆದವರನ್ನು, ಸಾಯುವ ಮಾತಾಡುವವರನ್ನು ದುಆ ಜೊತೆಗೆ ಡಾಕ್ಟರರ ಹತ್ತಿರವೂ ಕರೆದೊಯ್ಯಿರಿ. ಧಾರವಾಡದಲ್ಲಿ ಡಿಮ್ಹಾನ್ಸ್ ಸರಕಾರಿ ಆಸ್ಪತ್ರೆ ಇದೆ. ಹೋಗಲು ಆಗದವರು ಸರಕಾರದ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಬಹುದು, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅಸರ್ ನಮಾಜಿನಿಂದ ಮಗ್ರಿಬ್‌ವರೆಗೆ ನಾವು ಮಸೀದಿಯ ಕಟ್ಟೆಯ ಮೇಲೆ ಇರುತ್ತೇವೆ. ಹೆಣ್ಣುಮಕ್ಕಳು ಮನೆಗೆ ಬಂದು ನಮ್ಮ ಮನೆಯವರ ಹತ್ತಿರ ಮಾತಾಡಬಹುದು. ಹೇಳಿದ ಮಾತು ಅಲ್ಲಿಂದ ಹೊರಗೆ ಹೋಗುವುದಿಲ್ಲ.