ಹಿಡಿಕೆಯ ಎರಡು ತುದಿ: ಸೇವಾ ನಾಯಿಗಳ ಬೆಳವಣಿಗೆಯ ಒಂದು ಸಮೀಕ್ಷೆ

‘ಮಾರ್ಗದರ್ಶಿ ನಾಯಿ’ ಎಂಬ ಹೆಸರು ಕನ್ನಡದಲ್ಲಿ ರೂಢಿಗೆ ಬಂದಿದೆಯಾದರೂ ಅದು ಕೊಂಚ ದಾರಿ ತಪ್ಪಿಸುವ ಹೆಸರು. ಅಂಧರೊಬ್ಬರು ಮನೆಯಿಂದ ಅಂಚೆ ಕಚೇರಿಗೆ ಹೋಗಬೇಕೆಂದರೆ ಎಷ್ಟು ರಸ್ತೆ ದಾಟಬೇಕು, ಯಾವ ತಿರುವಿನಲ್ಲಿ ಎಡಕ್ಕೆ ಹೊರಳಬೇಕು ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿಯೇ ಇರಬೇಕು. ನಾಯಿ ನೋಡಿಕೊಳ್ಳುವುದು ಮುಂದಿನ ಹತ್ತಿಪ್ಪತ್ತು ಹೆಜ್ಜೆಗಳಲ್ಲಿ ಗುಂಡಿ, ಕಂಬ, ಮೆಟ್ಟಿಲು, ಎದುರು ಬರುವ ಜನ ಇವುಗಳನ್ನಷ್ಟೆ. ಈ ಕೆಲಸದ ಹಂಚಿಕೆ ಸ್ಪಷ್ಟವಾಗಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಂಗವೈಕಲ್ಯವುಳ್ಳ ವ್ಯಕ್ತಿಯೊಬ್ಬರಿಗಾಗಿ ನಿರ್ದಿಷ್ಟ ಕೆಲಸವನ್ನು ಕಲಿತ ನಾಯಿಗೆ ಇಂದು ‘ಸೇವಾ ನಾಯಿ’ ಎಂಬ ವಿಶಾಲವಾದ ಹೆಸರಿದ್ದು, ಅದರ ತರಬೇತಿ, ದಿನಚರಿ ಮತ್ತು ಅದರ ಎದುರಿಗೆ ಇತರರು ನಡೆದುಕೊಳ್ಳಬೇಕಾದ ರೀತಿ ಬಹುಮಟ್ಟಿಗೆ ಆ ಹಂಚಿಕೆಯಿಂದಲೇ ಹುಟ್ಟಿಕೊಂಡಿವೆ.

ಅಂಧನೊಬ್ಬ ನಾಯಿಯ ಹಿಂದೆ ನಡೆಯುವ ದೃಶ್ಯ ಬಹಳ ಹಳೆಯದು. ಇಟಲಿಯ ಹರ್ಕುಲೇನಿಯಂ ಊರಿನ ಅವಶೇಷಗಳಲ್ಲಿ ದೊರೆತ ಕ್ರಿ.ಶ. ಒಂದನೆಯ ಶತಮಾನದ ಗೋಡೆಚಿತ್ರವೊಂದರಲ್ಲಿ ಅಂಥ ದೃಶ್ಯವಿದೆ. 1780ರ ಸುಮಾರಿಗೆ ಪ್ಯಾರಿಸ್ಸಿನ ಕ್ಯಾಂಜ್ ವ್ಯಾಂ ಎಂಬ ಅಂಧರ ಆಶ್ರಯದಲ್ಲಿ ನಾಯಿಗಳನ್ನು ಪಳಗಿಸುವ ಪ್ರಯತ್ನ ನಡೆದಿತ್ತು. ಆದರೆ ಇವೆಲ್ಲ ಹಗ್ಗದ ಕಾಲದ ಮಾತು. ಹಗ್ಗ ಎಳೆತವನ್ನು ಮಾತ್ರ ತಿಳಿಸಬಲ್ಲದು. ನಾಯಿ ನಿಂತರೆ ಅದು ಸಡಿಲಗೊಳ್ಳುತ್ತದೆ, ಹಿಂದೆ ಬರುವವನಿಗೆ ಅದು ಯಾಕೆ ನಿಂತಿತೆಂದಾಗಲಿ, ಯಾವ ಕಡೆಗೆ ತಿರುಗಿತೆಂದಾಗಲಿ ಗೊತ್ತಾಗುವುದಿಲ್ಲ. ಇದಕ್ಕೆ ಮೊದಲ ಪರಿಹಾರವನ್ನು ಬರೆದಿಟ್ಟವನು ವಿಯೆನ್ನಾದಲ್ಲಿ ಅಂಧರ ಶಾಲೆಯನ್ನು ತೆರೆದಿದ್ದ ಯೋಹಾನ್ ವಿಲ್ಹೆಲ್ಮ್ ಕ್ಲೈನ್. 1819ರಲ್ಲಿ ಪ್ರಕಟವಾದ ತನ್ನ ಬೋಧನಾ ಗ್ರಂಥದಲ್ಲಿ ಅವನು ನಾಯಿಯ ಕೊರಳಪಟ್ಟಿಗೆ ಹಗ್ಗದ ಬದಲು ಬಾಗದ ಕೋಲೊಂದನ್ನು ಜೋಡಿಸುವ ವಿಧಾನವನ್ನು ವಿವರಿಸಿದ. ಇಂದಿನ ನಾಯಿಗಳ ಬೆನ್ನ ಮೇಲೆ ಕಾಣುವ, ಎದೆಪಟ್ಟಿಗೆ ಬಿಗಿದ ‘ಯು’ ಆಕಾರದ ಗಟ್ಟಿ ಹಿಡಿಕೆ ಆ ಕೋಲಿನ ವಂಶದ್ದೇ. ನಾಯಿಯ ಭುಜ ಒಂದಿಷ್ಟು ವಾಲಿದರೂ, ಅದರ ನಡಿಗೆ ನಿಧಾನವಾದರೂ, ಮುಂಗಾಲು ಮೆಟ್ಟಿಲನ್ನೇರಿ ಬೆನ್ನು ಮೇಲಕ್ಕೆದ್ದರೂ ಅದೆಲ್ಲ ಹಿಡಿಕೆಯ ಮೂಲಕ ಅಂಗೈಗೆ ಬಂದು ತಲುಪುತ್ತದೆ.

ಕ್ಲೈನನ ಸಲಹೆ ಒಂದು ಸಂಘಟಿತ ವ್ಯವಸ್ಥೆಯಾಗಲು ಯುದ್ಧವೇ ಬರಬೇಕಾಯಿತು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲ ಮತ್ತು ಸಿಡಿಮದ್ದುಗಳಿಂದ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ವೈದ್ಯ ಗೆರ್ಹಾರ್ಡ್ ಷ್ಟಾಲಿಂಗ್ 1916ರ ಆಗಸ್ಟಿನಲ್ಲಿ ಜರ್ಮನಿಯ ಓಲ್ಡೆನ್‌ಬುರ್ಗ್‌ನಲ್ಲಿ ಮಾರ್ಗದರ್ಶಿ ನಾಯಿಗಳ ಮೊದಲ ಶಾಲೆಯನ್ನು ತೆರೆದರು. ಅದು 1926ರಲ್ಲಿ ಮುಚ್ಚಿತಾದರೂ, ಅಷ್ಟರಲ್ಲಿ ಪಾಟ್ಸ್‌ಡ್ಯಾಮಿನಲ್ಲಿ ಇನ್ನೊಂದು ದೊಡ್ಡ ಕೇಂದ್ರ ನಡೆಯತೊಡಗಿತ್ತು. ಈ ಜರ್ಮನ್ ಅಧ್ಯಾಯದಲ್ಲಿ ಎಲ್ಲಕ್ಕಿಂತ ಕುತೂಹಲಕಾರಿಯಾದದ್ದು, ಆದರೆ ಸಾಮಾನ್ಯವಾಗಿ ಮರೆತುಹೋಗುವಂಥದ್ದು, ಜೀವವಿಜ್ಞಾನಿ ಯಾಕೊಬ್ ಫಾನ್ ಯುಕ್ಸ್‌ಕ್ಯುಲ್ ಮತ್ತು ಅವನ ಸಹೋದ್ಯೋಗಿ ಎಮ್ಯಾನುಯೆಲ್ ಸಾರಿಸ್ 1930ರ ದಶಕದ ಆರಂಭದಲ್ಲಿ ರೂಪಿಸಿದ ಒಂದು ಗಾಡಿ. ಪ್ರತಿಯೊಂದು ಪ್ರಾಣಿಯೂ ತನ್ನ ಇಂದ್ರಿಯ ಮತ್ತು ಅಗತ್ಯಗಳು ಕಟ್ಟಿಕೊಟ್ಟ ತನ್ನದೇ ಲೋಕದಲ್ಲಿ ಬಾಳುತ್ತದೆ ಎಂಬುದು ಯುಕ್ಸ್‌ಕ್ಯುಲನ ಸಿದ್ಧಾಂತವಾಗಿದ್ದು, ಅದರ ಪ್ರಕಾರ ಆಳೆತ್ತರಕ್ಕೆ ಚಾಚಿಕೊಂಡ ಕಿಟಕಿಯ ಬಾಗಿಲು ನಾಯಿಯ ಲೋಕದಲ್ಲಿ ಇಲ್ಲವೇ ಇಲ್ಲ, ಏಕೆಂದರೆ ನಾಯಿ ಅದರ ಕೆಳಗೆ ನಿರಾತಂಕವಾಗಿ ನುಸುಳಬಲ್ಲದು. ಆದ್ದರಿಂದ ಮನುಷ್ಯನ ಎತ್ತರ ಮತ್ತು ಅಗಲಕ್ಕೆ ಸರಿಯಾದ ಚೌಕಟ್ಟೊಂದನ್ನು ಚಕ್ರಗಳ ಮೇಲೆ ನಿಲ್ಲಿಸಿ, ಅದನ್ನು ನಾಯಿಗೆ ಕಟ್ಟಿ ಎಳೆಸಿದರು. ಚೌಕಟ್ಟು ತಾಗಿದಾಗಲೆಲ್ಲ ಗಾಡಿ ತಡೆದು ನಿಲ್ಲುತ್ತಿದ್ದುದರಿಂದ, ತನಗೆ ಅಡ್ಡಿಯಲ್ಲದ್ದು ತನ್ನ ಜೊತೆಗಿರುವ ದೊಡ್ಡ ದೇಹಕ್ಕೆ ಅಡ್ಡಿ ಎಂಬುದು ನಾಯಿಗೆ ಅನುಭವದಿಂದಲೇ ಮನದಟ್ಟಾಗುತ್ತಿತ್ತು. ಗಾಡಿ ಈಗ ಸಾಮಾನ್ಯ ಬಳಕೆಯಲ್ಲಿಲ್ಲ; ಆದರೆ ಜೊತೆಗಾರನ ತಲೆ ಮತ್ತು ಬಲಭುಜಕ್ಕೆ ಜಾಗ ಬಿಟ್ಟು ನಡೆಯುವ ಪಾಠ ಇಂದಿಗೂ ಪಠ್ಯಕ್ರಮದ ಅತ್ಯಂತ ಕಠಿಣ ಭಾಗಗಳಲ್ಲೊಂದು.

ಜರ್ಮನಿಯ ಈ ವಿದ್ಯೆಯನ್ನು ಹೊರಜಗತ್ತಿಗೆ ತಿಳಿಸಿದವರು ಸ್ವಿಟ್ಜರ್ಲೆಂಡಿನಲ್ಲಿ ನಾಯಿಗಳ ತಳಿ ಬೆಳೆಸುತ್ತಿದ್ದ ಅಮೆರಿಕದ ಡೊರೊಥಿ ಹ್ಯಾರಿಸನ್ ಯೂಸ್ಟಿಸ್. ಪಾಟ್ಸ್‌ಡ್ಯಾಮಿನಲ್ಲಿ ತಾವು ಕಂಡದ್ದನ್ನು ಕುರಿತು 1927ರ ನವೆಂಬರಿನಲ್ಲಿ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಪತ್ರಿಕೆಗೆ ಅವರು ಬರೆದ ಲೇಖನವನ್ನು ಓದಿಸಿಕೊಂಡ ಟೆನೆಸ್ಸಿಯ ಅಂಧ ಯುವಕ ಮಾರಿಸ್ ಫ್ರ್ಯಾಂಕ್, ತನಗೂ ಅಂಥ ನಾಯಿ ಬೇಕೆಂದು ಪತ್ರ ಬರೆದು, ಮರುವರ್ಷ ಸಮುದ್ರ ದಾಟಿ ಹೋಗಿ ‘ಬಡ್ಡಿ’ ಎಂಬ ಹೆಣ್ಣು ಜರ್ಮನ್ ಶೆಫರ್ಡ್‌ನೊಂದಿಗೆ ಹಿಂದಿರುಗಿದ. 1928ರ ಜೂನಿನಲ್ಲಿ ನ್ಯೂಯಾರ್ಕಿನ ಬಂದರಿಗಿಳಿದು, ವಾಹನಗಳು ಕಿಕ್ಕಿರಿದ ವೆಸ್ಟ್ ಸ್ಟ್ರೀಟನ್ನು ಪತ್ರಕರ್ತರ ಕಣ್ಣೆದುರಿಗೇ ಬಡ್ಡಿಯ ಜೊತೆ ದಾಟಿ, ಯೂಸ್ಟಿಸ್ ಅವರಿಗೆ ‘ಯಶಸ್ಸು’ ಎಂಬ ಒಂದೇ ಪದದ ತಂತಿ ಕಳುಹಿಸಿದ. 1929ರ ಜನವರಿಯಲ್ಲಿ ಇಬ್ಬರೂ ಸೇರಿ ‘ಸೀಯಿಂಗ್ ಐ’ ಶಾಲೆಯನ್ನು ಸ್ಥಾಪಿಸಿದರು. ಬ್ರಿಟನ್ನಿನಲ್ಲಿ 1931ರಲ್ಲಿ ಮ್ಯೂರಿಯಲ್ ಕ್ರುಕ್ ಮತ್ತು ರೋಸಮಂಡ್ ಬಾಂಡ್ ಎಂಬ ಮಹಿಳೆಯರು ವಾಲಸಿಯಲ್ಲಿ ಮೊದಲ ನಾಲ್ಕು ನಾಯಿಗಳ ತರಬೇತಿಗೆ ಕಾರಣರಾದರು. ಈ ಕ್ಷೇತ್ರದ ತಿರುವುಗಳಲ್ಲಿ ಹೆಣ್ಣುಮಕ್ಕಳ ಪಾತ್ರ ಎಷ್ಟು ದೊಡ್ಡದೆಂಬುದನ್ನು ಚರಿತ್ರಕಾರರು ಇನ್ನೂ ಸರಿಯಾಗಿ ಗಮನಿಸಿದಂತಿಲ್ಲ.

ತರಬೇತಿಯ ಇಂದಿನ ಕ್ರಮ ಹೀಗಿದೆ. ಮರಿಗೆ ಸುಮಾರು ಎಂಟು ವಾರವಾದಾಗ ಅದನ್ನು ಸ್ವಯಂಸೇವಕ ಕುಟುಂಬವೊಂದರಲ್ಲಿ ಬಿಡಲಾಗುತ್ತದೆ. ಅಲ್ಲಿ ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ಬಸ್ಸು, ಲಿಫ್ಟು, ಸಂತೆಯ ಗದ್ದಲ, ಮಕ್ಕಳ ಕಿರುಚಾಟ ಎಲ್ಲಕ್ಕೂ ಒಗ್ಗಿಕೊಳ್ಳುತ್ತದೆ. ಬಳಿಕ ಶಾಲೆಯಲ್ಲಿ ಕೆಲವು ತಿಂಗಳ ಪಾಠ, ಕೊನೆಗೆ ಬಳಕೆದಾರರ ಜೊತೆ ಕೆಲವು ವಾರಗಳ ಜೋಡಿ ತರಬೇತಿ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಅವುಗಳ ಮಿಶ್ರತಳಿಗಳು ಈಗ ಹೆಚ್ಚು ಬಳಕೆಯಲ್ಲಿರುವುದಕ್ಕೆ ಅವುಗಳ ಸಮಾಧಾನದ ಸ್ವಭಾವವೇ ಕಾರಣ. ನಮ್ಮ ಮುಧೋಳದ ನಾಯಿಯಂಥ ಬೇಟೆತಳಿ ಎಷ್ಟೇ ಚುರುಕಾಗಿದ್ದರೂ, ಓಡುವ ಪ್ರಾಣಿ ಕಣ್ಣಿಗೆ ಬಿದ್ದೊಡನೆ ಬೆನ್ನಟ್ಟುವ ಅದರ ಹುಟ್ಟುಗುಣ ಈ ಕೆಲಸಕ್ಕೆ ಒಗ್ಗುವಂಥದ್ದಲ್ಲ. ಇಡೀ ಶಿಕ್ಷಣದ ತುತ್ತತುದಿಯಲ್ಲಿರುವುದು ‘ವಿವೇಕದ ಅವಿಧೇಯತೆ’ ಎನ್ನಬಹುದಾದ ಗುಣ. ನಾಯಿಗೆ ಸಿಗ್ನಲ್ ದೀಪವನ್ನು ಓದಲು ಕಲಿಸುವುದಿಲ್ಲ. ಕೆಂಪು ಹಸಿರುಗಳ ವ್ಯತ್ಯಾಸವೂ ಅದರ ಕಣ್ಣಿಗೆ ಸರಿಯಾಗಿ ಹಿಡಿಯುವುದಿಲ್ಲ. ವಾಹನಗಳ ಸದ್ದನ್ನು ಆಲಿಸಿ ‘ಮುಂದೆ’ ಎಂದು ಆಜ್ಞೆ ಕೊಡುವವರು ಮನುಷ್ಯರು. ಆದರೆ ಆ ಕ್ಷಣದಲ್ಲಿ ಕಾರೊಂದು ತಿರುಗಿ ಬರುತ್ತಿದ್ದರೆ ನಾಯಿ ಕದಲದೆ ನಿಲ್ಲಬೇಕು, ಬೇಕಾದರೆ ಅಡ್ಡ ಬಂದು ತಡೆಯಬೇಕು. ಸದ್ದಿಲ್ಲದ ವಿದ್ಯುತ್ ಕಾರುಗಳು ಬಂದ ಮೇಲೆ ಈ ಗುಣದ ಬೆಲೆ ಹೆಚ್ಚಿದೆ.

ಇಂಥ ನಾಯಿಯ ದಿನ ಹೊರಗಿನವರು ಊಹಿಸುವಷ್ಟು ಕಠೋರವಲ್ಲ. ಗೊತ್ತಾದ ಹೊತ್ತಿಗೆ ಊಟ, ಮೈ ಬಾಚುವುದು, ಕಟ್ಟಡದೊಳಗೆ ಹೋಗುವ ಮೊದಲು ಹೇಳಿದ ಜಾಗದಲ್ಲಿ ಮಲಮೂತ್ರ ವಿಸರ್ಜನೆ, ಕಚೇರಿಯಲ್ಲಿ ಮೇಜಿನ ಕೆಳಗೆ ತಾಸುಗಟ್ಟಲೆ ಮಲಗಿರುವುದು: ಬಹುಪಾಲು ಸಮಯ ಹೀಗೆಯೇ ಕಳೆಯುತ್ತದೆ. ಎದೆಪಟ್ಟಿ ಮೈಮೇಲಿದ್ದರೆ ಕೆಲಸ, ಕಳಚಿದರೆ ಆಟ, ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಎಂಟರಿಂದ ಹತ್ತು ವರ್ಷದ ವಯಸ್ಸಿಗೆ ನಿವೃತ್ತಿಯಾಗಿ, ಅದೇ ಮನೆಯಲ್ಲಿಯೋ ಮರಿಯಾಗಿದ್ದಾಗ ಸಾಕಿದವರ ಮನೆಯಲ್ಲಿಯೋ ಸಾಕುನಾಯಿಯಾಗಿ ಉಳಿದ ದಿನ ಕಳೆಯುತ್ತದೆ.

1970ರ ದಶಕದಿಂದೀಚೆಗೆ ಕ್ಷೇತ್ರ ಕವಲೊಡೆಯಿತು. ಬಾನಿ ಬರ್ಗಿನ್ 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಸಂಸ್ಥೆ, ಗಾಲಿಕುರ್ಚಿ ಬಳಸುವವರಿಗೆ ಬಿದ್ದ ವಸ್ತುವನ್ನೆತ್ತಿ ಕೊಡುವ, ಬಾಗಿಲು ತೆರೆಯುವ, ದೀಪದ ಗುಂಡಿ ಒತ್ತುವ ನಾಯಿಗಳನ್ನು ತಯಾರು ಮಾಡಿತು. ಕಿವುಡರಿಗೆ ಕರೆಗಂಟೆಯನ್ನು ತಿಳಿಸುವ ನಾಯಿಗಳು, ಮಧುಮೇಹಿಗಳ ರಕ್ತದ ಸಕ್ಕರೆ ಕುಸಿದದ್ದನ್ನು ವಾಸನೆಯಿಂದ ಹಿಡಿಯುವ ನಾಯಿಗಳು ಕೂಡ ಬಂದವು. ಬಗೆಗಳು ಹೆಚ್ಚಿದಂತೆ ‘ಯಾವುದು ಸೇವಾ ನಾಯಿ’ ಎಂಬ ಪ್ರಶ್ನೆ ಕಾನೂನಿನದಾಯಿತು. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ನಿಯಮಗಳಂತೆ ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾಗಿದೆಯೇ, ಅದು ಯಾವ ಕೆಲಸ ಕಲಿತಿದೆ? ಪ್ರಮಾಣಪತ್ರ ಕೇಳುವಂತಿಲ್ಲ, ಕೇವಲ ಸಾಂತ್ವನ ನೀಡುವ ಪ್ರಾಣಿಗೆ ಈ ಹಕ್ಕಿಲ್ಲ. ಜಪಾನ್ ತನ್ನ 2002ರ ಕಾಯ್ದೆಯಲ್ಲಿ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ನಾಯಿಯ ಮೈಮೇಲೆ ಗುರುತುಪಟ್ಟಿ ಇರಲೇಬೇಕೆಂದಿತು. ಮೊದಲನೆಯದು ಬಳಕೆದಾರರ ಖಾಸಗಿತನವನ್ನು ಕಾಯುತ್ತದೆ, ಆದರೆ ಪೇಟೆಯಲ್ಲಿ ಕೊಂಡ ಅಂಗಿ ತೊಡಿಸಿದ ಹುಸಿ ಸೇವಾ ನಾಯಿಗಳಿಗೂ ಬಾಗಿಲು ತೆರೆಯುತ್ತದೆ. ತರಬೇತಿಯಿಲ್ಲದ ಅಂಥ ನಾಯಿಯ ಒಂದು ದಾಳಿ ನಿಜವಾದ ಸೇವಾ ನಾಯಿಯ ವೃತ್ತಿಯನ್ನೇ ಮುಗಿಸಬಲ್ಲದೆಂಬುದನ್ನು ನೆನೆದರೆ ಈ ಬೆಲೆ ಚಿಕ್ಕದಲ್ಲ.

ಸಾರ್ವಜನಿಕ ಶಿಷ್ಟಾಚಾರವನ್ನು ಪ್ರಾಣಿದಯೆಯ ಪಾಠವೆಂದು ತಿಳಿಯುವುದು ತಪ್ಪು. ಅದರ ಬಹುಪಾಲು ಹಿಡಿಕೆಯ ತರ್ಕವೇ. ದಾರಿಹೋಕರೊಬ್ಬರು ನಾಯಿಯ ತಲೆ ಸವರಿದರೆ, ಹೆಸರು ಹಿಡಿದು ಕರೆದರೆ, ಬಿಸ್ಕತ್ತು ಚಾಚಿದರೆ ಅದರ ಗಮನ ಅರೆಗಳಿಗೆ ಚದುರುತ್ತದೆ, ಅಷ್ಟರಲ್ಲಿ ಮೆಟ್ಟಿಲು ಬಂದಿರುತ್ತದೆ. ಹಿಡಿಕೆಯನ್ನೋ ಬಳಕೆದಾರರ ತೋಳನ್ನೋ ತಟ್ಟನೆ ಹಿಡಿದೆಳೆಯುವುದು ಇನ್ನೂ ಅಪಾಯಕರ. ನೆರವಾಗಬೇಕೆನಿಸಿದರೆ ನಾಯಿಯಿಲ್ಲದ ಬಲಮಗ್ಗುಲಿಗೆ ಬಂದು, ನಾಯಿಯನ್ನಲ್ಲ ಮನುಷ್ಯರನ್ನು ಮಾತನಾಡಿಸಿ ಕೇಳುವುದು ಸರಿಯಾದ ಕ್ರಮ. ಅವರು ಒಪ್ಪಿದರೆ ಹಿಡಿಕೆಯನ್ನು ಬಿಟ್ಟು, ಕೊರಳಪಟ್ಟಿಯ ಹಗ್ಗವನ್ನಷ್ಟೆ ಉಳಿಸಿಕೊಂಡು, ನೆರವಾಗುವವರ ಮೊಣಕೈ ಹಿಡಿಯುತ್ತಾರೆ. ಕಾರಿನಲ್ಲಿ ಕುಳಿತವರು ‘ದಾಟಿ’ ಎಂದು ಸೂಚಿಸಲು ಹಾರ್ನ್ ಮಾಡುವುದಂತೂ ಉಪಕಾರದ ವೇಷದ ಉಪದ್ರವ.

ಭಾರತ 2007ರಲ್ಲಿ ಒಪ್ಪಿ ಸಹಿ ಮಾಡಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ, ಸಂಚಾರಕ್ಕೆ ಬೇಕಾದ ಸಾಧನಗಳ ಜೊತೆಗೆ ‘ಜೀವಂತ ನೆರವು’ ಎಂಬ ಮಾತೂ ಇದೆ. 2016ರ ನಮ್ಮ ಅಂಗವಿಕಲರ ಹಕ್ಕುಗಳ ಕಾಯ್ದೆ ಕಟ್ಟಡ ಮತ್ತು ಸಾರಿಗೆ ಎಲ್ಲರಿಗೂ ಸುಗಮವಾಗಿರಬೇಕೆಂದು ಹೇಳುತ್ತದೆಯಾದರೂ ಸೇವಾ ನಾಯಿಯನ್ನು ಬಾಗಿಲಲ್ಲಿ ತಡೆಯಬಾರದೆಂದು ಅಮೆರಿಕದ ನಿಯಮದಂತೆ ಬಿಡಿಸಿ ಹೇಳುವುದಿಲ್ಲ. ಇಲ್ಲಿ ಮಾರ್ಗದರ್ಶಿ ನಾಯಿ ಇಂದಿಗೂ ಅಪರೂಪ. ಅದಕ್ಕೆ ಕಾನೂನಿನ ಮೌನವೊಂದೇ ಕಾರಣವಲ್ಲ. ಈ ನಾಯಿಯ ಪಾಠವೆಲ್ಲ ಫುಟ್‌ಪಾತಿನ ಅಂಚಿಗೆ ಬಂದೊಡನೆ ನಿಲ್ಲುವುದರಿಂದ ಶುರುವಾಗುತ್ತದೆ, ಆ ಅಂಚು ಸಿಕ್ಕಾಗಲೇ ರಸ್ತೆ ಬಂತೆಂದು ಬಳಕೆದಾರರ ಪಾದಕ್ಕೂ ತಿಳಿಯುವುದು. ಫುಟ್‌ಪಾತು ಅರ್ಧಕ್ಕೇ ನಿಂತು, ಉಳಿದರ್ಧದಲ್ಲಿ ಸ್ಕೂಟರು ನಿಲ್ಲಿಸಿ, ಪ್ರತಿ ತಿರುವಿಗೂ ತನ್ನ ಗಡಿ ಕಾಯುವ ಬೀದಿನಾಯಿಗಳ ಗುಂಪೊಂದು ಕಾದಿರುವ ಬೀದಿಗೆ ಓಲ್ಡೆನ್‌ಬುರ್ಗ್‌ನ ಪಠ್ಯಕ್ರಮವನ್ನು ಹಾಗೆಯೇ ತಂದರೆ ನಡೆಯುವುದಿಲ್ಲ.